ಹರಿಕೇನ್ ಬಂದಾಗ ಮೊದಲು ನೀರಿನ ಲೆಕ್ಕ

ಅಮೆರಿಕದ ಫ್ಲಾರಿಡಾದಲ್ಲಿ ಜೂನ್ 1ರಿಂದ ನವೆಂಬರ್ 30ರವರೆಗೆ ಹರಿಕೇನ್ ಕಾಲ, ಅಂದರೆ ಚಂಡಮಾರುತದ ಕಾಲ. ಅದು ಬಿರುಸಾಗುವುದು ಆಗಸ್ಟ್ ಕೊನೆಯಿಂದ ಅಕ್ಟೋಬರ್ ನಡುವೆ, ನಮ್ಮ ಪಂಚಾಂಗದ ಲೆಕ್ಕದಲ್ಲಿ ಗಣೇಶನ ಹಬ್ಬದಿಂದ ದಸರೆಯವರೆಗೆ. 2022ರ ಇಯಾನ್ ಬಂದದ್ದು ನವರಾತ್ರಿಯಲ್ಲಿ, 2024ರ ಮಿಲ್ಟನ್ ಬಂದದ್ದೂ ನವರಾತ್ರಿಯಲ್ಲಿ. ಟ್ಯಾಂಪಾ ಕೊಲ್ಲಿಯ ಸುತ್ತ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಆ ಹೊತ್ತಿಗೆ ಗೊಂಬೆ ಕೂರಿಸಿರುತ್ತಾರೆ, ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಟಿವಿಯಲ್ಲಿ ಕೆಂಪು ಸುಳಿಯೊಂದು ತಿರುಗತೊಡಗಿದರೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಎಷ್ಟನೇ ಕೆಟಗರಿ?

ಈ ಪ್ರಶ್ನೆಯನ್ನು ಎರಡನೆಯದಾಗಿ ಕೇಳಿ. ಕೆಟಗರಿ ಒಂದರಿಂದ ಐದರವರೆಗಿನ ಸಂಖ್ಯೆ ಹೇಳುವುದು ಗಾಳಿಯ ವೇಗವನ್ನು ಮಾತ್ರ. ಕಡಲು ಎಷ್ಟು ಎತ್ತರಕ್ಕೆ ಉಬ್ಬುತ್ತದೆ, ಮಳೆ ಎಷ್ಟು ಸುರಿಯುತ್ತದೆ ಎಂಬುದು ಅದರಲ್ಲಿಲ್ಲ. 2024ರ ಸೆಪ್ಟೆಂಬರ್ 26ರಂದು ಹೆಲೀನ್ ದಡ ಮುಟ್ಟಿದ್ದು ಟ್ಯಾಂಪಾದಿಂದ ಬಹಳ ಉತ್ತರಕ್ಕೆ, ಪೆರ್ರಿ ಎಂಬ ಊರಿನ ಬಳಿ. ನಮ್ಮ ಕೊಲ್ಲಿಯನ್ನು ದಾಟುವಾಗ ಅದು ಸಮುದ್ರದಲ್ಲಿ ನೂರು ಮೈಲಿಗೂ ಹೆಚ್ಚು ಆಚೆ ಇತ್ತು. ಹಾಗಿದ್ದರೂ ಇಲ್ಲಿ ಕಡಲುಬ್ಬರ ಹಿಂದಿನ ದಾಖಲೆಗಳನ್ನು ಮುರಿಯಿತು. ಪಿನೆಲ್ಲಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತೆ) ತೀರದ ಮನೆಗಳಿಗೆ ರಾತ್ರೋರಾತ್ರಿ ನೀರು ನುಗ್ಗಿ ಹತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅವರ ಮನೆಗಳ ಮೇಲೆ ಬೀಸಿದ ಗಾಳಿ ಚಾವಣಿ ಕಿತ್ತುಹಾಕುವಂಥದ್ದೇನೂ ಆಗಿರಲಿಲ್ಲ.

ಎರಡು ವಾರ ಕಳೆದು, ಅಕ್ಟೋಬರ್ 9ರಂದು ಮಿಲ್ಟನ್ ನೇರವಾಗಿ ನಮ್ಮತ್ತಲೇ ಬಂತು. ಕೊನೆಗೆ ತುಸು ದಕ್ಷಿಣಕ್ಕೆ ಸರಿದು ಸಿಯೆಸ್ಟಾ ಕೀ ದ್ವೀಪದಲ್ಲಿ ದಡ ಹತ್ತಿತು. ಆಗ ಕೊಲ್ಲಿಯ ನೀರು ಉಕ್ಕುವ ಬದಲು ಹೊರಕ್ಕೆ ಸೆಳೆದುಕೊಂಡು ಹೋಯಿತು. ಕಾರಣ ಸರಳವಾಗಿದೆ: ಇಲ್ಲಿ ಹರಿಕೇನ್ ಗಾಳಿ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಸುತ್ತುತ್ತದೆ. ಅದರ ಕೇಂದ್ರಬಿಂದು ಕೊಲ್ಲಿಯ ಉತ್ತರಕ್ಕೆ ಹೋದರೆ ಗಾಳಿ ಸಮುದ್ರವನ್ನು ಒಳಕ್ಕೆ ತಳ್ಳುತ್ತದೆ, ದಕ್ಷಿಣಕ್ಕೆ ಹೋದರೆ ಹೊರಕ್ಕೆ ದಬ್ಬುತ್ತದೆ. ಇಪ್ಪತ್ತು ಮೂವತ್ತು ಮೈಲಿಯ ವ್ಯತ್ಯಾಸದಲ್ಲಿ ನಮ್ಮ ಹಣೆಬರಹ ಬದಲಾಗುತ್ತದೆ, ಮತ್ತು ಆ ವ್ಯತ್ಯಾಸ ಕೊನೆಯ ಗಂಟೆಗಳವರೆಗೂ ಯಾರಿಗೂ ತಿಳಿದಿರುವುದಿಲ್ಲ. ಮಿಲ್ಟನ್‌ನಲ್ಲಿ ಏನೂ ಆಗಲಿಲ್ಲವಲ್ಲ ಎಂದು ಮುಂದಿನ ಸಲ ಕೂತುಬಿಡುವವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಅದೇ ಮಿಲ್ಟನ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ 18 ಇಂಚಿಗೂ ಹೆಚ್ಚು ಮಳೆ ಸುರಿಸಿತು ಎಂಬುದನ್ನೂ ಮರೆಯಬಾರದು.

ಇವತ್ತೇ ಮಾಡಬೇಕಾದದ್ದು: ವಲಯದ ಅಕ್ಷರ

ನಿಮ್ಮ ಕೌಂಟಿಯ ಜಾಲತಾಣಕ್ಕೆ ಹೋಗಿ ಮನೆಯ ವಿಳಾಸ ಕೊಟ್ಟರೆ ತೆರವು ವಲಯದ ಅಕ್ಷರ ಸಿಗುತ್ತದೆ. ಎ ಎಂದರೆ ಮೊದಲು ಹೊರಡಬೇಕಾದವರು, ನಂತರ ಬಿ, ಸಿ, ಹೀಗೆ ಇ ವರೆಗೆ. ಯಾವ ಅಕ್ಷರವೂ ಇಲ್ಲದಿದ್ದರೆ ಉಬ್ಬರದ ಕಾರಣಕ್ಕೆ ನೀವು ಮನೆ ಬಿಡಬೇಕಿಲ್ಲ.

ಇಲ್ಲೊಂದು ಗೊಂದಲ ಬಹಳ ಜನರಿಗೆ ಇದೆ. ಮನೆ ಕೊಳ್ಳುವಾಗ ಸಾಲದ ಕಾಗದದಲ್ಲಿ ಕಾಣುವ ಪ್ರವಾಹ ವಲಯ ಬೇರೆ, ಈ ತೆರವು ವಲಯ ಬೇರೆ. ಮೊದಲನೆಯದು ವಿಮೆಗಾಗಿ, ಎರಡನೆಯದು ಪ್ರಾಣಕ್ಕಾಗಿ. "ನಮ್ಮದು ಎಕ್ಸ್ ವಲಯ, ಪ್ರವಾಹದ ಭಯ ಇಲ್ಲ ಎಂದು ಏಜೆಂಟರು ಹೇಳಿದ್ದಾರೆ" ಎನ್ನುವವರ ಮನೆಯೂ ತೆರವು ವಲಯದೊಳಗೆ ಇರಬಹುದು. ಅಕ್ಷರವನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಅದರ ಕೆಳಗೆ, ಹೊರಡಬೇಕಾದರೆ ಯಾರ ಮನೆಗೆ ಎಂಬುದನ್ನೂ ಬರೆಯಿರಿ. ಮೊಬೈಲ್ ಹೋಮ್‌ನಲ್ಲಿ (ಕಾರ್ಖಾನೆಯಲ್ಲಿ ಕಟ್ಟಿ ತಂದು ನಿಲ್ಲಿಸಿದ ಹಗುರ ಮನೆಯಲ್ಲಿ) ಇರುವವರು ವಲಯ ಯಾವುದೇ ಇರಲಿ, ಹೊರಡಲೇಬೇಕು.

ಜೂನ್‌ಗೆ ಮುಂಚೆ: ವಿಮೆ ಮತ್ತು ಕಾಗದ

ಸಾಮಾನ್ಯ ಮನೆ ವಿಮೆ ಪ್ರವಾಹದ ನೀರಿಗೆ ದುಡ್ಡು ಕೊಡುವುದಿಲ್ಲ. ಅದಕ್ಕೆ ಪ್ರತ್ಯೇಕ ಪಾಲಿಸಿ ಬೇಕು, ಮತ್ತು ಕೇಂದ್ರ ಸರ್ಕಾರದ ಪ್ರವಾಹ ವಿಮೆ ಜಾರಿಗೆ ಬರುವುದು ಸಾಮಾನ್ಯವಾಗಿ 30 ದಿನಗಳ ನಂತರ. ಸುಳಿ ಕಂಡ ಮೇಲೆ ಕೊಂಡರೆ ಪ್ರಯೋಜನವಿಲ್ಲ. ಬಾಡಿಗೆ ಮನೆಯವರೂ ಒಳಗಿನ ಸಾಮಾನಿಗೆ ಮಾತ್ರ ಈ ವಿಮೆ ಮಾಡಿಸಬಹುದು. ಇನ್ನು ಮನೆ ವಿಮೆಯಲ್ಲಿ ಹರಿಕೇನ್‌ಗೆಂದೇ ಬೇರೆ ಕಡಿತ ಇರುತ್ತದೆ. ಅದು ಮನೆಯ ವಿಮಾ ಮೊತ್ತದ ಶೇಕಡಾವಾರು ಲೆಕ್ಕ. ಶೇ 2 ಎಂದರೆ ನಾಲ್ಕು ಲಕ್ಷ ಡಾಲರ್ ಮನೆಗೆ ಮೊದಲ ಎಂಟು ಸಾವಿರ ಡಾಲರ್ ನಿಮ್ಮ ಕೈಯಿಂದಲೇ.

ಪಾಸ್‌ಪೋರ್ಟ್, ವೀಸಾ ಮಂಜೂರಾತಿ ಪತ್ರ, ಮಕ್ಕಳ ಜನನ ಪ್ರಮಾಣಪತ್ರ, ವಿಮಾ ಪಾಲಿಸಿ, ಇವನ್ನು ನೀರು ಹೋಗದ ಚೀಲದಲ್ಲಿ ಒಟ್ಟಿಗೆ ಇಡಿ. ಫೋನಿನಲ್ಲಿ ಮನೆಯ ಪ್ರತಿ ಕೋಣೆಯ, ಪ್ರತಿ ಕಪಾಟಿನ ವಿಡಿಯೊ ತೆಗೆದಿಟ್ಟರೆ ನಾಳೆ ಪರಿಹಾರ ಕೇಳುವಾಗ ವಾದ ಮಾಡಬೇಕಾಗುವುದಿಲ್ಲ.

ಅಡುಗೆಮನೆ ಮತ್ತು ಔಷಧಿ

ಒಬ್ಬರಿಗೆ ದಿನಕ್ಕೆ ಒಂದು ಗ್ಯಾಲನ್ ನೀರು, ಏಳು ದಿನಕ್ಕೆ. ನಾಲ್ಕು ಜನರಿದ್ದರೆ 28 ಗ್ಯಾಲನ್. ಇದನ್ನು ವಾರಕ್ಕೆ ಒಂದೆರಡು ಡಬ್ಬಿಯಂತೆ ಮೊದಲೇ ಕೂಡಿಸಿ. ಎಚ್ಚರಿಕೆ ಬಂದ ದಿನ ಅಂಗಡಿಯ ಕಪಾಟು ಬರಿದಾಗಿರುತ್ತದೆ. ಸ್ನಾನದ ತೊಟ್ಟಿ ತುಂಬಿಸಿಟ್ಟರೆ ಶೌಚಕ್ಕೆ ಆಯಿತು.

ಇಲ್ಲಿನ ಬಹುಪಾಲು ಮನೆಗಳಲ್ಲಿ ಒಲೆ ವಿದ್ಯುತ್ತಿನದು. ಕರೆಂಟು ಹೋದರೆ ಅನ್ನವೂ ಇಲ್ಲ, ಚಹಾವೂ ಇಲ್ಲ. ಸರ್ಕಾರದ ಪಟ್ಟಿ ಡಬ್ಬಿಯ ಆಹಾರ ಎನ್ನುತ್ತದೆ. ನಮ್ಮ ಅಡುಗೆಮನೆ ಈ ವಿಷಯದಲ್ಲಿ ಬಹಳ ಮುಂದಿದೆ. ತೆಳು ಅವಲಕ್ಕಿಗೆ ಚಟ್ನಿಪುಡಿ, ಉಪ್ಪು, ಎಣ್ಣೆ ಕಲಸಿದರೆ ನೀರಿನ ಹನಿಯೂ ಬೇಡ, ಬೆಂಕಿಯೂ ಬೇಡ. ಹುರಿಹಿಟ್ಟಿಗೆ ಬೆಲ್ಲ, ಒಂದಿಷ್ಟು ನೀರು ಸಾಕು. ಪುರಿ, ಹುರಿಗಡಲೆ, ಕೋಡುಬಳೆ, ಶೇಂಗಾ ಚಿಕ್ಕಿ ವಾರಗಟ್ಟಲೆ ಕೆಡುವುದಿಲ್ಲ. ಫ್ರಿಜ್ ಬಾಗಿಲು ತೆಗೆಯದಿದ್ದರೆ ಒಳಗಿನದು ಸುಮಾರು ನಾಲ್ಕು ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ 48 ಗಂಟೆ. ಊರು ಬಿಡುವ ಮುಂಚೆ ಒಂದು ಲೋಟ ನೀರನ್ನು ಫ್ರೀಜರಿನಲ್ಲಿ ಗಟ್ಟಿಯಾಗಿಸಿ, ಮೇಲೆ ನಾಣ್ಯ ಇಟ್ಟು ಹೋಗಿ. ಬಂದು ನೋಡಿದಾಗ ನಾಣ್ಯ ಮಂಜಿನೊಳಗೆ ಕೆಳಗಿಳಿದಿದ್ದರೆ ನಡುವೆ ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿದೆ ಎಂದರ್ಥ. ಆಹಾರವನ್ನು ಎಸೆಯಿರಿ.

ಊರಿನಿಂದ ಬಂದ ಹಿರಿಯರ ಮಾತ್ರೆಗಳನ್ನು ಎಣಿಸಿ ನೋಡಿ. ಭಾರತದ ವೈದ್ಯರ ಚೀಟಿ ತೋರಿಸಿದರೆ ಇಲ್ಲಿನ ಔಷಧಿ ಅಂಗಡಿಯಲ್ಲಿ ರಕ್ತದೊತ್ತಡದ ಮಾತ್ರೆ ಕೊಡುವುದಿಲ್ಲ. ಇನ್ಸುಲಿನ್ ಇದ್ದರೆ ತಂಪುಪೆಟ್ಟಿಗೆ ಮತ್ತು ಮಂಜುಗಡ್ಡೆ ಮೊದಲೇ ಸಿದ್ಧವಿರಲಿ.

ಸುಳಿ ಕಂಡ ಮೇಲೆ

ಮಯಾಮಿಯಲ್ಲಿರುವ ರಾಷ್ಟ್ರೀಯ ಹರಿಕೇನ್ ಕೇಂದ್ರ ದಿನಕ್ಕೆ ನಾಲ್ಕು ಸಲ, ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 5, 11, ಸಂಜೆ 5, ರಾತ್ರಿ 11ಕ್ಕೆ ಪೂರ್ಣ ಮುನ್ಸೂಚನೆ ಕೊಡುತ್ತದೆ. ಅದನ್ನೇ ನೋಡಿ, ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ನಕ್ಷೆಗಳನ್ನು ಬಿಡಿ. ನಕ್ಷೆಯ ಬಿಳಿ ಶಂಕು ಹರಿಕೇನ್‌ನ ಗಾತ್ರವನ್ನು ತೋರಿಸುವುದಿಲ್ಲ, ಕೇಂದ್ರಬಿಂದು ಎಲ್ಲಿ ಸಾಗಬಹುದು ಎಂಬುದನ್ನು ಮಾತ್ರ ತೋರಿಸುತ್ತದೆ. ಕೇಂದ್ರ ಆ ಶಂಕುವಿನ ಒಳಗೇ ಉಳಿಯುವುದು ಮೂರರಲ್ಲಿ ಎರಡು ಸಲ. ಶಂಕುವಿನ ಹೊರಗಿದ್ದೇವೆ ಎಂದು ನಿದ್ದೆ ಹೋಗುವಂತಿಲ್ಲ. ನಿಮಗೆ ಬೇಕಾದದ್ದು ಕಡಲುಬ್ಬರದ ನಕ್ಷೆ, ಎಷ್ಟು ಅಡಿ ಎಂಬ ಸಂಖ್ಯೆ.

ನಿಮ್ಮ ವಲಯಕ್ಕೆ ತೆರವಿನ ಆದೇಶ ಬಂದರೆ ಚರ್ಚೆ ಬೇಡ, ಹೊರಡಿ. ಎಷ್ಟು ದೂರ? ಇದರಲ್ಲೇ ಹೆಚ್ಚಿನವರು ಎಡವುತ್ತಾರೆ. ಅಟ್ಲಾಂಟಾವರೆಗೆ ಓಡುವುದೆಂದು ಕಾರು ಹತ್ತಿ ಐ-75 ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಸಿಕ್ಕಿಕೊಳ್ಳುತ್ತಾರೆ, ಪೆಟ್ರೋಲ್ ಸಿಗುವುದಿಲ್ಲ. ನೀರಿನಿಂದ ತಪ್ಪಿಸಿಕೊಳ್ಳಲು ನೂರಾರು ಮೈಲಿ ಬೇಡ, ಹತ್ತಿಪ್ಪತ್ತು ಮೈಲಿ ಒಳನಾಡಿಗೆ, ಎತ್ತರದ ಜಾಗದ ಗಟ್ಟಿ ಮನೆಗೆ ಹೋದರೆ ಸಾಕು. ಕನ್ನಡ ಕೂಟದ ಬಳಗ ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ. ವೆಸ್ಲಿ ಚಾಪೆಲ್ ಕಡೆ ಎತ್ತರದಲ್ಲಿರುವ ಮನೆಯವರು ತೀರದ ಒಂದು ಕುಟುಂಬಕ್ಕೆ "ನಮ್ಮಲ್ಲಿಗೆ ಬನ್ನಿ" ಎಂದು ಮೇ ತಿಂಗಳಲ್ಲೇ ಹೇಳಿಟ್ಟರೆ ಅಕ್ಟೋಬರಿನಲ್ಲಿ ಯಾರೂ ಹಿಂಜರಿಯುವುದಿಲ್ಲ. ಹಗಲಲ್ಲೇ ಹೊರಡಿ. ಗಾಳಿ ಏರಿದ ಮೇಲೆ ಸೇತುವೆಗಳನ್ನು ಮುಚ್ಚುತ್ತಾರೆ. ಗಂಟೆಗೆ 40–45 ಮೈಲಿ ದಾಟಿದರೆ ಆಂಬುಲೆನ್ಸ್ ಕೂಡ ಬರುವುದಿಲ್ಲ.

ಉಳಿಯುವವರು

ವಲಯದ ಹೊರಗಿದ್ದು, ಮನೆ ಗಟ್ಟಿಯಾಗಿದ್ದರೆ ಉಳಿಯಿರಿ. ಆಗ ಗಾಳಿಯ ಪ್ರಶ್ನೆ ಬರುತ್ತದೆ. ಕಿಟಕಿಗೆ ಶಟರ್ ಅಥವಾ 5/8 ಇಂಚಿನ ಪ್ಲೈವುಡ್ ಹೊಡೆಯಿರಿ. ಗಾಜಿಗೆ ಟೇಪ್ ಅಂಟಿಸುವುದರಿಂದ ಏನೂ ಉಪಯೋಗವಿಲ್ಲ. ಮನೆಯಲ್ಲಿ ಅತಿ ದುರ್ಬಲ ಜಾಗ ಗ್ಯಾರೇಜ್ ಬಾಗಿಲು. ಅದು ಒಳಕ್ಕೆ ಬಾಗಿದರೆ ಒಳನುಗ್ಗಿದ ಗಾಳಿ ಚಾವಣಿಯನ್ನು ಮೇಲಕ್ಕೆತ್ತುತ್ತದೆ. ಹಾಗಾಗಿ ಅದನ್ನು ಹರಿಕೇನ್ ಕಾಲಕ್ಕೆ ಮುಂಚೆಯೇ ಬಲಪಡಿಸಿ, ಗಾಳಿಯ ಹೊತ್ತಿನಲ್ಲಿ ಒಳಕೋಣೆಗಳ ಬಾಗಿಲುಗಳನ್ನೂ ಮುಚ್ಚಿಡಿ. ಅಂಗಳದ ಕುಂಡ, ಕುರ್ಚಿ, ತುಳಸಿಕಟ್ಟೆಯ ಗಿಡ ಎಲ್ಲವೂ ಒಳಗೆ ಬರಲಿ.

ರಾತ್ರಿ ಕಿಟಕಿಯಿಲ್ಲದ ಕೋಣೆಯಲ್ಲಿ, ಬಚ್ಚಲು ಅಥವಾ ಬಟ್ಟೆಯ ಕೊಠಡಿಯಲ್ಲಿ, ಚಪ್ಪಲಿಯಲ್ಲ, ಬೂಟು ಹಾಕಿಕೊಂಡು ಕುಳಿತುಕೊಳ್ಳಿ. ಮಕ್ಕಳಿಗೆ ಸೈಕಲ್ ಹೆಲ್ಮೆಟ್ ಹಾಕಿ. ಫೋನಿನ ಎಚ್ಚರಿಕೆ ಸದ್ದನ್ನು ಆರಿಸಬೇಡಿ. ಮಿಲ್ಟನ್ ಪಶ್ಚಿಮ ತೀರ ಮುಟ್ಟುವ ಗಂಟೆಗಳ ಮೊದಲೇ ಪೂರ್ವ ತೀರದ ಸೇಂಟ್ ಲೂಸಿ ಕೌಂಟಿಯಲ್ಲಿ ಅದರ ಹೊರಸುತ್ತಿನಿಂದ ಎದ್ದ ಸುಂಟರಗಾಳಿ ಆರು ಜನರನ್ನು ಕೊಂದಿತು. ಗಾಳಿ ಏಕಾಏಕಿ ನಿಂತು ಆಕಾಶ ತಿಳಿಯಾದರೆ ಹರಿಕೇನ್‌ನ ಕಣ್ಣು ನಿಮ್ಮ ಮೇಲಿರಬಹುದು. ಹೊರಗೆ ಹೋಗಬೇಡಿ, ಇನ್ನರ್ಧ ಎದುರು ದಿಕ್ಕಿನಿಂದ ಬರುತ್ತದೆ. ನವರಾತ್ರಿಯಾದರೂ ಆ ರಾತ್ರಿ ನಂದಾದೀಪ ಬೇಡ. ಅಗ್ನಿಶಾಮಕ ವಾಹನ ಬರಲಾಗದ ರಾತ್ರಿ ಅದು. ದೇವರ ಮುಂದೆ ಬ್ಯಾಟರಿ ದೀಪ ಇಡಿ.

ಬೆಂಗಳೂರಿಗೆ ಒಂದೇ ಒಂದು ಸಂದೇಶ ಕಳಿಸಿ, ಒಬ್ಬರೇ ಎಲ್ಲ ನೆಂಟರಿಗೆ ತಿಳಿಸಲಿ. ಕರೆ ಹೋಗದಿದ್ದಾಗಲೂ ಎಸ್ಎಂಎಸ್ ಹೋಗುವುದುಂಟು.

ಗಾಳಿ ನಿಂತ ಮೇಲೆ

ಅಪಾಯ ಇನ್ನೂ ಮುಗಿದಿರುವುದಿಲ್ಲ. ಜನರೇಟರ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಲೂಸಿಯಾನಾದಲ್ಲಿ 2020ರ ಲಾರಾ ಹರಿಕೇನ್‌ನ ಬಳಿಕ ಈ ಹೊಗೆಗೆ ಸತ್ತವರು ಉಬ್ಬರದ ನೀರಿಗೆ ಸತ್ತವರಿಗಿಂತ ಹೆಚ್ಚು. ಗ್ಯಾರೇಜಿನಲ್ಲಿ, ಬಾಲ್ಕನಿಯಲ್ಲಿ, ಬಾಗಿಲು ತೆರೆದಿಟ್ಟು, ಹೇಗೂ ಬೇಡ. ಮನೆಯಿಂದ ಕನಿಷ್ಠ 20 ಅಡಿ ದೂರವಿರಲಿ, ಒಳಗೆ ಬ್ಯಾಟರಿಯ ಪತ್ತೆಯಂತ್ರ ಇರಲಿ.

ನಿಂತ ನೀರಿನಲ್ಲಿ ನಡೆಯಬೇಡಿ. ತುಂಡಾದ ತಂತಿ ಅದರಲ್ಲಿ ಬಿದ್ದಿರಬಹುದು, ಕಾಲಿನ ಗಾಯದ ಮೂಲಕ ವಿಬ್ರಿಯೊ ಎಂಬ ಮಾರಕ ಬ್ಯಾಕ್ಟೀರಿಯಾ ಒಳಹೋಗಬಹುದು. ಉಪ್ಪುನೀರಿನಲ್ಲಿ ಮುಳುಗಿದ ವಿದ್ಯುತ್ ಕಾರನ್ನು ಮನೆಯಿಂದ ದೂರ ತಳ್ಳಿಸಿ, ಚಾರ್ಜ್ ಮಾಡಬೇಡಿ. ಅದರ ಬ್ಯಾಟರಿಗೆ ದಿನಗಳ ಬಳಿಕವೂ ಬೆಂಕಿ ಹತ್ತಿಕೊಂಡದ್ದಿದೆ.

ನೆರವಿನ ಬಗ್ಗೆ ನಮ್ಮವರು ತಿಳಿದಿರಬೇಕಾದ ಸಂಗತಿ ಒಂದಿದೆ. ಎಚ್-1ಬಿ ವೀಸಾದಲ್ಲಿರುವವರಿಗೆ ಕೇಂದ್ರ ವಿಪತ್ತು ಸಂಸ್ಥೆ ಫೆಮಾದ ನಗದು ನೆರವು ಸಿಗುವುದಿಲ್ಲ, ಗ್ರೀನ್ ಕಾರ್ಡ್ ಇದ್ದವರಿಗೆ ಸಿಗುತ್ತದೆ. ಆದರೆ ಜೊತೆಯಲ್ಲೇ ವಾಸಿಸುವ ಅಪ್ರಾಪ್ತ ಮಗು ಅಮೆರಿಕದ ಪ್ರಜೆಯಾಗಿದ್ದರೆ ಆ ಮಗುವಿನ ಪರವಾಗಿ ತಂದೆ ತಾಯಿ ಅರ್ಜಿ ಹಾಕಬಹುದು. ಇದು ಗೊತ್ತಿಲ್ಲದೆ ಅರ್ಜಿಯನ್ನೇ ಹಾಕದವರು ಇದ್ದಾರೆ. ಆಶ್ರಯ, ಊಟ, ನೀರಿನಂಥ ತುರ್ತು ನೆರವಿಗೆ ಯಾವ ವೀಸಾ ಎಂಬ ಪ್ರಶ್ನೆಯೇ ಇಲ್ಲ. ಪ್ರವಾಸಿ ವೀಸಾದಲ್ಲಿ ಬಂದ ಅಪ್ಪ ಅಮ್ಮನಿಗೂ ಅದು ಸಿಗುತ್ತದೆ.