ಮಗು ಬರುವ ಮುಂಚೆ ಏನೇನು ಕೊಳ್ಳಬೇಕಿಲ್ಲ? ತೀರ್ಮಾನ ಮಾಡುವುದು ಹೀಗೆ

ಸೀಮಂತ ಮುಗಿಯುವ ಹೊತ್ತಿಗೆ ಮನೆಯಲ್ಲಿ ಒಂದು ಉದ್ದ ಪಟ್ಟಿ ತಯಾರಾಗಿರುತ್ತದೆ. ಗೆಳತಿ ಕಳಿಸಿದ್ದು, ಫೋನಿನಲ್ಲಿ ಆ್ಯಪ್ ತೋರಿಸಿದ್ದು, ಯಾವುದೋ ವಿಡಿಯೋದಲ್ಲಿ ಇವಿಷ್ಟು ಬೇಕೇ ಬೇಕು ಅಂತ ಹೇಳಿದ್ದು, ಎಲ್ಲಾ ಸೇರಿರುತ್ತದೆ. ಬಾಟಲಿ ಬಿಸಿ ಮಾಡುವ ಯಂತ್ರ, ಸ್ಟೆರಿಲೈಸರ್, ವಾಕರ್, ಸಾಸಿವೆ ದಿಂಬು, ಸ್ಟ್ರಾಲರ್, ಕ್ಯಾಮೆರಾ. ಹೆರಿಗೆ ಖರ್ಚಿನ ಚಿಂತೆ ಮೊದಲೇ ಇರುತ್ತದೆ. ಅದರ ಮೇಲೆ ಇದು ಬೇರೆ.

ನನ್ನ ಮಾತು ಇಷ್ಟೇ. ಬಹುಪಾಲು ಸಾಮಾನು ಮಗು ಹುಟ್ಟುವ ಮುಂಚೆ ಕೊಳ್ಳಬೇಕಿಲ್ಲ, ಕೆಲವನ್ನು ಯಾವತ್ತೂ ಕೊಳ್ಳಬೇಕಿಲ್ಲ, ಒಂದೆರಡನ್ನಂತೂ ಯಾರಾದರೂ ಉಚಿತವಾಗಿ ಕೊಟ್ಟರೂ ಮನೆಯೊಳಗೆ ಬಿಟ್ಟುಕೊಳ್ಳಬಾರದು. ಮಗು ಹುಟ್ಟುವ ಮುಂಚೆ ಹೊಸದು ಏನೂ ತರಬಾರದು, ಮೊದಲು ಹಳೇ ಬಟ್ಟೆಯನ್ನೇ ಹಾಕಬೇಕು ಅಂತ ನಮ್ಮಲ್ಲಿ ಹಿರಿಯರು ಹೇಳುತ್ತಾರಲ್ಲ, ಅದನ್ನು ನಂಬಿಕೆ ಅಂತ ಪಾಲಿಸಿದರೂ ಸರಿ, ದುಡ್ಡಿನ ಲೆಕ್ಕ ಅಂತ ಪಾಲಿಸಿದರೂ ಸರಿ, ಲಾಭ ನಿಮಗೇ. ಹತ್ತಾರು ಸಲ ಒಗೆದ ಹತ್ತಿ ಬಟ್ಟೆ ಹೊಸದಕ್ಕಿಂತ ಮೆತ್ತಗಿರುತ್ತದೆ.

ಮೊದಲ ಹೆಜ್ಜೆ: ಚಿಕ್ಕ ಪಟ್ಟಿಯಿಂದ ಶುರು ಮಾಡಿ

ಉದ್ದ ಪಟ್ಟಿಯಿಂದ ಒಂದೊಂದೇ ಹೊಡೆದು ಹಾಕುವುದು ಕಷ್ಟ. ಪ್ರತಿಯೊಂದಕ್ಕೂ ಇದೊಂದು ಇರಲಿ ಅನ್ನಿಸುತ್ತದೆ. ಅದರ ಬದಲು ಚಿಕ್ಕ ಪಟ್ಟಿಯಿಂದ ಶುರು ಮಾಡಿ, ಬೇಕಾದ್ದನ್ನು ಸೇರಿಸುತ್ತಾ ಹೋಗಿ.

ಅಂಥ ಪಟ್ಟಿ ಈಗಾಗಲೇ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡ ತಾಯಂದಿರಿಗೆ ಅಂತ ಕರ್ನಾಟಕ ಸರ್ಕಾರ 2007ರಲ್ಲಿ ಮಡಿಲು ಯೋಜನೆ ಶುರು ಮಾಡಿತ್ತು. ಆ ಮಡಿಲು ಕಿಟ್‌ನಲ್ಲಿ ಸೊಳ್ಳೆ ಪರದೆ, ಮಗುವಿನ ಹಾಸಿಗೆ, ರಬ್ಬರ್ ಶೀಟ್, ಮಗುವಿನ ಬಟ್ಟೆ, ಸ್ವೆಟರ್, ಟೋಪಿ, ಸಾಕ್ಸ್, ಸೋಪು ಇರುತ್ತಿದ್ದವು. ಜೊತೆಗೆ ತಾಯಿಗೆ ಹೊದಿಕೆ, ಸ್ಯಾನಿಟರಿ ಪ್ಯಾಡ್, ಸೋಪು, ಕೊಬ್ಬರಿ ಎಣ್ಣೆ, ಬಾಚಣಿಗೆ. ಗಮನಿಸಿ, ಅದರಲ್ಲಿ ತಾಯಿಯ ಪಾಲೂ ದೊಡ್ಡದೇ ಇತ್ತು. ಅಂಗಡಿಯ ಪಟ್ಟಿಯಲ್ಲಿ ಬಾಣಂತಿಯ ಹೆಸರೇ ಇರುವುದಿಲ್ಲ, ಅಲ್ವಾ?

ಇದಕ್ಕೆ ಒಂದು ಡಿಜಿಟಲ್ ಥರ್ಮಾಮೀಟರ್, ಮಗುವಿನ ಉಗುರು ತೆಗೆಯುವ ಚಿಕ್ಕ ಕತ್ತರಿ, ಬೇಕಾದಷ್ಟು ಹತ್ತಿ ಲಂಗೋಟಿ ಸೇರಿಸಿ. ಹೊರಗೆ ಹೋಗುವಾಗ ತಲೆಗೆ ಕಟ್ಟಲು ಅಜ್ಜಿ ಹೊಲಿದ ಕುಲಾವಿ ಇದ್ದರೆ ಅಂಗಡಿಯ ಟೋಪಿಯೂ ಬೇಡ. ಮೊದಲ ತಿಂಗಳಿಗೆ ಇಷ್ಟು ಸಾಕು.

ಊರು ಮತ್ತು ತಿಂಗಳು ನೋಡಿ ಸ್ವಲ್ಪ ಬದಲಾಯಿಸಿಕೊಳ್ಳಿ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಏಪ್ರಿಲ್‌ನಲ್ಲಿ ಹುಟ್ಟುವ ಮಗುವಿಗೆ ಉಣ್ಣೆ ಸೆಟ್ ಸುಮ್ನೆ ದಂಡ. ಮಲೆನಾಡಲ್ಲಿ, ಕರಾವಳಿಯಲ್ಲಿ ಜುಲೈನಲ್ಲಿ ಹೆರಿಗೆ ಇದ್ದರೆ ಲೆಕ್ಕ ಬೇರೆ. ಮಳೆಯಲ್ಲಿ ಒಗೆದ ಬಟ್ಟೆ ಒಣಗುವುದೇ ಇಲ್ಲ. ಅಲ್ಲಿ ಲಂಗೋಟಿ ದುಪ್ಪಟ್ಟು ಬೇಕು, ಇಲ್ಲದಿದ್ದರೆ ರಾತ್ರಿಗಾದರೂ ಡೈಪರ್ ಬೇಕು.

ಎರಡನೇ ಹೆಜ್ಜೆ: ಯಾವಾಗ ಬೇಕು ಅಂತ ಪಕ್ಕದಲ್ಲಿ ಬರೆಯಿರಿ

ಪಟ್ಟಿಯಲ್ಲಿರುವ ಪ್ರತಿ ಸಾಮಾನಿನ ಮುಂದೆ ಮಗುವಿಗೆ ಎಷ್ಟು ತಿಂಗಳಾದಾಗ ಅದು ಬೇಕು ಅಂತ ಬರೆಯಿರಿ. ಮೂರು ತಿಂಗಳಾದ ಮೇಲೆ ಬೇಕಾಗುವುದನ್ನೆಲ್ಲ ಈಗ ಬಿಡಿ. ಇವತ್ತು ಆರ್ಡರ್ ಮಾಡಿದರೆ ನಾಳೆ ನಾಡಿದ್ದಿಗೆ ಮನೆಗೆ ಬರುವ ಕಾಲ ಇದು. ಊರಿನ ಮೆಡಿಕಲ್ ಶಾಪಿನಲ್ಲೂ ಡೈಪರ್ ಸಿಗುತ್ತದೆ.

ಆರೋಗ್ಯವಾಗಿರುವ ಮಗುವಿನ ತೂಕ ಐದು ತಿಂಗಳ ಹೊತ್ತಿಗೆ ಹುಟ್ಟಿದಾಗಿನ ಎರಡರಷ್ಟಾಗುತ್ತದೆ, ವರ್ಷದ ಹೊತ್ತಿಗೆ ಮೂರರಷ್ಟು. ಉದ್ದ ಸುಮಾರು 50 ಸೆಂಟಿಮೀಟರ್ ಇದ್ದದ್ದು ಒಂದೇ ವರ್ಷದಲ್ಲಿ 75ರ ಹತ್ತಿರ ಬರುತ್ತದೆ. ಹಾಗಾಗಿ ನವಜಾತ ಅಳತೆಯ ಬಟ್ಟೆ ಕೆಲವೇ ವಾರ ಹಿಡಿಸುತ್ತದೆ. ರಿಯಾಯಿತಿ ಇದೆ ಅಂತ ಚಿಕ್ಕ ಅಳತೆಯ ಡೈಪರ್ ದೊಡ್ಡ ಡಬ್ಬ ತಂದಿಟ್ಟರೆ ಅರ್ಧ ಉಳಿಯುತ್ತದೆ. ಕೆಲವು ಮಕ್ಕಳಿಗೆ ಒಂದು ಬ್ರ್ಯಾಂಡಿನ ಡೈಪರ್ ಚರ್ಮಕ್ಕೆ ಆಗಿಬರುವುದಿಲ್ಲ, ಅದು ಹಾಕಿ ನೋಡಿದ ಮೇಲೇ ಗೊತ್ತಾಗುವುದು. ಚಿಕ್ಕ ಪ್ಯಾಕೆಟ್ ತನ್ನಿ. ಶೂಗಳಂತೂ ಮಗು ಹೊರಗೆ ನಡೆಯುವ ತನಕ ಬೇಡವೇ ಬೇಡ.

ಮೂರನೇ ಹೆಜ್ಜೆ: ಹಾಲಿನ ಸಾಮಾನುಗಳನ್ನು ಪೂರ್ತಿ ಪಕ್ಕಕ್ಕಿಡಿ

ದುಡ್ಡು ಜಾಸ್ತಿ ಹೋಗುವುದು ಇಲ್ಲೇ. ಭಯ ಜಾಸ್ತಿ ಇರುವುದೂ ಇಲ್ಲೇ.

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರು ಮಾಡಿ, ಆರು ತಿಂಗಳು ಬರೀ ಎದೆಹಾಲೇ ಕೊಡಿ, ನೀರೂ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಿದ್ದಾಗ ಬಾಟಲಿ ಸೆಟ್, ಬಾಟಲಿ ತೊಳೆಯುವ ಲಿಕ್ವಿಡ್, ವಾರ್ಮರ್, ಸ್ಟೆರಿಲೈಸರ್ ಮೊದಲೇ ತಂದಿಡುವುದು ಯಾಕೆ? ಮೊದಲ ಮೂರು ನಾಲ್ಕು ದಿನ ಹಾಲು ಸ್ವಲ್ಪವೇ ಬರುತ್ತದೆ. ಮಗು ಅಳುತ್ತದೆ, ತಾಯಿಗೆ ಸುಸ್ತು, ಸುತ್ತ ಇರುವವರು ಹಾಲು ಸಾಲುತ್ತಿಲ್ಲ ಅಂತ ಮಾತಾಡುತ್ತಾರೆ. ಆಗ ಬಾಟಲಿ ಕಣ್ಣ ಮುಂದಿದ್ದರೆ ಕೈ ಅದಕ್ಕೇ ಹೋಗುತ್ತದೆ. ಮಗು ಎದೆ ಚೀಪುವುದು ಕಡಿಮೆಯಾದಷ್ಟೂ ಹಾಲು ಊರುವುದೂ ಕಡಿಮೆಯಾಗುತ್ತದೆ. ಆ ದಿನಗಳಲ್ಲಿ ಬೇಕಾಗಿರುವುದು ಮಗುವನ್ನು ಎದೆಗೆ ಹಿಡಿಯುವ ರೀತಿ ಕೂತು ತೋರಿಸಿಕೊಡುವ ನರ್ಸ್ ಅಥವಾ ಅನುಭವ ಇರುವ ಹೆಂಗಸು. ಆಸ್ಪತ್ರೆ ಬಿಡುವ ಮುಂಚೆಯೇ ಕೇಳಿ, ನಾಚಿಕೆ ಬೇಡ.

ಕಾನೂನು ಕೂಡ ನಿಮ್ಮ ಪರವಾಗಿದೆ. 1992ರ ಕಾಯ್ದೆ, ಅದಕ್ಕೆ 2003ರಲ್ಲಾದ ತಿದ್ದುಪಡಿಯ ಪ್ರಕಾರ ಎರಡು ವರ್ಷದೊಳಗಿನ ಮಕ್ಕಳ ಹಾಲಿನ ಪುಡಿ, ಹಾಲಿನ ಬಾಟಲಿ, ಶಿಶು ಆಹಾರ ಯಾವುದಕ್ಕೂ ನಮ್ಮ ದೇಶದಲ್ಲಿ ಜಾಹೀರಾತು ಕೊಡುವಂತಿಲ್ಲ. ಕಂಪನಿಗಳು ತಾಯಂದಿರಿಗೆ ಉಚಿತ ಸ್ಯಾಂಪಲ್ ಹಂಚುವಂತೆಯೂ ಇಲ್ಲ.

ಕೆಲವರಿಗೆ ಪುಡಿ ಹಾಲು ನಿಜವಾಗಿಯೂ ಬೇಕಾಗುತ್ತದೆ. ಡಾಕ್ಟರ್ ಹೇಳಿದರೆ ಕೊಡಿ, ಅದರಲ್ಲಿ ತಪ್ಪಿತಸ್ಥ ಭಾವನೆ ಬೇಡ. ಆಗಲೂ ಯಂತ್ರಗಳು ಬೇಡ. ಮಗುವಿಗೆ ಹಾಲು ಕುಡಿಸುವ ಮೂತಿಯ ಚಿಕ್ಕ ಬಟ್ಟಲು, ನಮ್ಮ ಹಳೇ ಒಳಲೆ ಇದೆಯಲ್ಲ, ಮಕ್ಕಳ ಡಾಕ್ಟರುಗಳು ಇವತ್ತಿಗೂ ಬಾಟಲಿಗಿಂತ ಅದೇ ವಾಸಿ ಅನ್ನುತ್ತಾರೆ, ಯಾಕೆಂದರೆ ಮೂಲೆ ಸಂದಿ ಇಲ್ಲ, ತೊಳೆಯುವುದು ಸುಲಭ. ಬಾಟಲಿಯೇ ಬಳಸಿದರೂ ಚೆನ್ನಾಗಿ ಉಜ್ಜಿ ತೊಳೆದು, ಮುಳುಗುವಷ್ಟು ನೀರಿರುವ ಪಾತ್ರೆಯಲ್ಲಿ 10 ನಿಮಿಷ ಕುದಿಸಿದರೆ ಸ್ಟೆರಿಲೈಸರ್ ಕೆಲಸ ಮುಗಿಯಿತು. ಹಾಲು ಬೆಚ್ಚಗಾಗಲು ಲೋಟದಲ್ಲಿ ಬಿಸಿನೀರು ಸಾಕು.

ಬ್ರೆಸ್ಟ್ ಪಂಪ್ ವಿಷಯದಲ್ಲಿ ಕೆಲಸಕ್ಕೆ ಮರಳುವ ದಿನ ನೋಡಿ. ರಜೆ 26 ವಾರ ಸಿಗುವವರು ಆತುರಪಡಬೇಕಿಲ್ಲ. ರಜೆಯೇ ಇಲ್ಲದ ಕೆಲಸದಲ್ಲಿರುವವರಿಗೆ ಪಂಪ್ ಖಂಡಿತ ಬೇಕಾಗಬಹುದು, ಅವರು ಉಳಿದದ್ದನ್ನೆಲ್ಲ ಬಿಟ್ಟು ಇದಕ್ಕೇ ದುಡ್ಡು ಇಟ್ಟುಕೊಳ್ಳಲಿ.

ಆರು ತಿಂಗಳಾದ ಮೇಲೆ ಡಬ್ಬದ ಶಿಶು ಆಹಾರ ಬೇಕಿಲ್ಲ. ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ತೆಳ್ಳನೆ ಬಟ್ಟೆಯಲ್ಲಿ ಸೋಸಿ ಇಟ್ಟರೆ ರಾಗಿ ಸರಿ ಹಿಟ್ಟು ಸಿದ್ಧ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅನ್ನ, ಬೇಳೆ, ಬೆಂದ ತರಕಾರಿ ಕಿವುಚಲು ಚಮಚ ಇದೆ. ಮಗುವಿನ ಊಟ ತಯಾರಿಸುವ ಪ್ರತ್ಯೇಕ ಮಿಕ್ಸಿ ಯಾಕೆ? ಒಂದು ವರ್ಷ ಆಗುವ ತನಕ ಜೇನುತುಪ್ಪ ಮಾತ್ರ ನೆಕ್ಕಿಸಲೇಬೇಡಿ, ಬೊಟುಲಿಸಂ ಅನ್ನುವ ಅಪಾಯದ ಕಾಯಿಲೆ ಅದರಿಂದ ಬರಬಹುದು.

ನಾಲ್ಕನೇ ಹೆಜ್ಜೆ: ಅಪಾಯದವನ್ನು ಬೇರೆ ಮಾಡಿ

ಇವು ದುಡ್ಡು ದಂಡ ಅನ್ನುವ ಸಾಲಿಗೆ ಸೇರುವುದಿಲ್ಲ. ಇವನ್ನು ಬಿಡಲೇಬೇಕು.

ವಾಕರ್ ಮೊದಲನೆಯದು. ಕೆನಡಾದಲ್ಲಿ 2004ರಿಂದ ಇದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಅದರಲ್ಲಿ ಕೂತ ಮಗು ಕ್ಷಣದಲ್ಲಿ ಮೆಟ್ಟಿಲ ತುದಿಗೋ, ಒಲೆ ಹತ್ತಿರಕ್ಕೋ ಹೋಗಿಬಿಡುತ್ತದೆ, ನೀವು ಪಕ್ಕದಲ್ಲೇ ಇದ್ದರೂ ಹಿಡಿಯುವಷ್ಟು ಸಮಯ ಸಿಗುವುದಿಲ್ಲ. ನಡೆಯುವುದು ಬೇಗ ಬರುತ್ತದೆ ಅನ್ನುವುದೂ ಸುಳ್ಳು, ತಡವಾಗಬಹುದು. ಹಿಡಿದು ನಿಂತು ತಳ್ಳುವ ಮೂರು ಚಕ್ರದ ಮರದ ಗಾಡಿ ಬೇರೆ. ಅದರಲ್ಲಿ ಮಗು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ.

ತಲೆ ದುಂಡಗಾಗಲಿ ಅಂತ ಸಾಸಿವೆ ದಿಂಬು, ರಾಗಿ ದಿಂಬು ತರುವ ರೂಢಿ ತುಂಬಾ ಮನೆಗಳಲ್ಲಿದೆ. ಅಜ್ಜಿಯ ಕಾಳಜಿ ನಿಜವಾದದ್ದು, ಆದರೆ ಮೊದಲ ವರ್ಷ ಮಗು ಮಲಗುವ ಜಾಗದಲ್ಲಿ ಯಾವ ದಿಂಬೂ ಇರಬಾರದು. ಅಂಗಾತ ಮಲಗಿಸಿ, ಸಮತಟ್ಟಾದ ಗಟ್ಟಿ ಹಾಸಿಗೆ ಇರಲಿ, ಮುಖಕ್ಕೆ ಮುಚ್ಚುವಂಥದ್ದು ಏನೂ ಬೇಡ. ತೊಟ್ಟಿಲ ಸುತ್ತ ಕಟ್ಟುವ ಮೆತ್ತನೆ ಬಂಪರ್‌ಗಳನ್ನು ಉಸಿರುಕಟ್ಟುವ ಅಪಾಯಕ್ಕಾಗಿಯೇ ಅಮೆರಿಕ 2022ರಲ್ಲಿ ನಿಷೇಧಿಸಿತು. ತಲೆ ಒಂದೇ ಕಡೆ ಚಪ್ಪಟೆಯಾಗಬಾರದು ಅಂದರೆ ಮಲಗಿಸುವಾಗ ಮುಖ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗಿಸಿ. ಎಚ್ಚರ ಇರುವಾಗ, ನೀವು ಎದುರಿಗೆ ಕೂತು, ಸ್ವಲ್ಪ ಹೊತ್ತು ಬೋರಲು ಹಾಕಿ. ಸೀರೆಯ ಜೋಲಿ ಕಟ್ಟಿದರೆ ಯಾರಾದರೂ ಜೊತೆಗಿರುವಾಗ ಮಾತ್ರ. ಮಗು ಮಗುಚಲು ಶುರು ಮಾಡಿದ ಮೇಲೆ ಅದನ್ನು ಬಿಚ್ಚಿಬಿಡಿ.

ಪೌಡರ್ ಬೇಡ, ಅದರ ಹುಡಿ ಮಗುವಿನ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಟಾಲ್ಕ್ ಇರುವ ಬೇಬಿ ಪೌಡರ್ ಮಾರುವುದನ್ನು 2023ರಲ್ಲಿ ಪ್ರಪಂಚದ ಎಲ್ಲ ಕಡೆ ನಿಲ್ಲಿಸಿತು. ಕಣ್ಣಿಗೆ ಕಾಡಿಗೆಯೂ ಬೇಡ, ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ. ದೃಷ್ಟಿಬೊಟ್ಟು ಇಡಲೇಬೇಕು ಅಂತ ಮನೆಯವರು ಅಂದರೆ ಅಂಗಾಲಿಗೆ ಇಡಿ. ಗ್ರೈಪ್ ವಾಟರ್‌ನಿಂದ ಪ್ರಯೋಜನ ಇಲ್ಲ. ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ಬೆನ್ನು ತಟ್ಟಿ ತೇಗು ಬರಿಸಿ.

ಐದನೇ ಹೆಜ್ಜೆ: ನಿಮ್ಮ ಮನೆ, ನಿಮ್ಮ ರಸ್ತೆ ನೋಡಿ ನಿರ್ಧರಿಸಿ

ಸ್ಟ್ರಾಲರ್ ಬೇಕಾ ಬೇಡವಾ ಅಂತ ತಿಳಿಯಲು ಸುಲಭದ ದಾರಿ ಇದೆ. ಮನೆಯಿಂದ ನೀವು ದಿನಾ ನಡೆಯುವ ರಸ್ತೆಯಲ್ಲಿ ಚಕ್ರದ ಸೂಟ್‌ಕೇಸ್ ಒಂದನ್ನು ಎಳೆದುಕೊಂಡು ಹೋಗಿ ನೋಡಿ. ಎತ್ತರದ ಫುಟ್‌ಪಾತ್, ಅದರ ಮೇಲೆ ನಿಂತ ಬೈಕು, ಕಿತ್ತ ಕಲ್ಲು, ಎಷ್ಟು ಸಲ ಎತ್ತಬೇಕಾಯಿತು? ಲಿಫ್ಟ್ ಇರುವ ಅಪಾರ್ಟ್‌ಮೆಂಟು, ಒಳಗೇ ವಾಕಿಂಗ್ ಜಾಗ ಇದ್ದರೆ ಉಪಯೋಗಕ್ಕೆ ಬರುತ್ತದೆ. ಇಲ್ಲದಿದ್ದರೆ ಮಗುವನ್ನು ಎದೆಗೆ ಕಟ್ಟಿಕೊಳ್ಳುವ ಬಟ್ಟೆಯ ಕ್ಯಾರಿಯರ್ ಒಳ್ಳೆಯದು. ಮಗುವಿನ ಮೂಗು ಬಾಯಿ ಕಾಣುವಂತಿರಲಿ, ಮಂಡಿ ಸೊಂಟಕ್ಕಿಂತ ಸ್ವಲ್ಪ ಮೇಲಿರಲಿ.

ಎರಡು ಕೋಣೆಯ ಮನೆಯಲ್ಲಿ ಮಗುವಿನ ಅಳು ಕೇಳಲು ಕ್ಯಾಮೆರಾ ಬೇಡ. ತೂಕದ ಯಂತ್ರವೂ ಬೇಡ. 6, 10, 14 ವಾರಕ್ಕೆ ಲಸಿಕೆಗೆ ಹೋದಾಗ ತೂಕ ನೋಡುತ್ತಾರೆ, ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರು ಮೊದಲ ಆರು ವಾರದಲ್ಲಿ ಹಲವು ಸಲ ಮನೆಗೇ ಬಂದು ತೂಗುತ್ತಾರೆ. ಸ್ನಾನಕ್ಕೆ ಎಣ್ಣೆ ಹಚ್ಚಿ ಕಾಲ ಮೇಲೆ ಹಾಕಿಕೊಂಡು ಎರೆಯುವ ಅಜ್ಜಿ ಇರುವಷ್ಟು ದಿನ ಟಬ್ ಮೂಲೆಯಲ್ಲೇ ಬಿದ್ದಿರುತ್ತದೆ.

ಆರನೇ ಹೆಜ್ಜೆ: ಉಳಿದ ದುಡ್ಡು ಇಲ್ಲಿ ಹಾಕಿ

ಕಾರು ಇದ್ದರೆ ಮಗುವಿನ ಕಾರ್ ಸೀಟ್ ಕೊಳ್ಳಿ. ಇಡೀ ಪಟ್ಟಿಯಲ್ಲಿ ನಾನು ಒತ್ತಾಯ ಮಾಡುವ ದುಬಾರಿ ಸಾಮಾನು ಇದೊಂದೇ. ಮಡಿಲಲ್ಲಿ ಕೂರಿಸಿಕೊಂಡರೆ ಡಿಕ್ಕಿಯಾದಾಗ ಯಾವ ತಾಯಿಯ ಕೈಗೂ ಮಗುವನ್ನು ಹಿಡಿದಿಡುವ ಶಕ್ತಿ ಇರುವುದಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟ್ ಅಥವಾ ಮಕ್ಕಳ ಸೀಟ್ ಇಲ್ಲದಿದ್ದರೆ ಸಾವಿರ ರೂಪಾಯಿ ದಂಡ ಇದೆ. ಹಿಂದಿನ ಸೀಟಿನಲ್ಲಿ, ಮಗುವಿನ ಮುಖ ಕಾರಿನ ಹಿಂಬದಿಗೆ ಇರುವಂತೆ ಕಟ್ಟಬೇಕು. ಅಮೆರಿಕದಲ್ಲಿರುವ ನಮ್ಮವರಿಗೆ ಇದು ಗೊತ್ತೇ ಇದೆ, ಅಲ್ಲಿ ಎಲ್ಲ ರಾಜ್ಯಗಳಲ್ಲೂ ಕಾರ್ ಸೀಟ್ ಕಡ್ಡಾಯ. ಬಳಸಿದ್ದನ್ನು ತೆಗೆದುಕೊಳ್ಳುವುದಾದರೆ ಅಪಘಾತ ಆಗಿಲ್ಲ ಅಂತ ಖಚಿತ ಗೊತ್ತಿರುವವರಿಂದ ಮಾತ್ರ.

ವಿಟಮಿನ್ ಡಿ ಹನಿ ಡಾಕ್ಟರ್ ಬರೆದುಕೊಟ್ಟಿದ್ದರೆ ತಪ್ಪಿಸಬೇಡಿ. ಥರ್ಮಾಮೀಟರ್ ಕೈಗೆ ಸಿಗುವ ಜಾಗದಲ್ಲಿರಲಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕಿಂತ ಜಾಸ್ತಿ ಜ್ವರ ಬಂದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು.

ಇನ್ನೂ ದುಡ್ಡು ಉಳಿದರೆ ಬಾಣಂತನಕ್ಕೆ ಸಹಾಯದವರನ್ನು ಇಟ್ಟುಕೊಳ್ಳಿ. ತವರಿನಲ್ಲಿ ಅಮ್ಮನಿಗೂ ವಯಸ್ಸಾಗಿರುತ್ತದೆ. ಅಡುಗೆಗೆ, ಬಟ್ಟೆ ಒಗೆಯಲು ಒಬ್ಬರು ಬಂದರೆ ತಾಯಿಗೆ ಹಗಲು ಎರಡು ಗಂಟೆ ನಿದ್ದೆ ಸಿಗುತ್ತದೆ.

ಕೊನೆಗೆ, ಉಡುಗೊರೆ

ಏನು ತರಲಿ ಅಂತ ಕೇಳುವ ಚಿಕ್ಕಮ್ಮ, ಅತ್ತಿಗೆ, ಆಫೀಸಿನವರಿಗೆ ಸಂಕೋಚ ಬಿಟ್ಟು ಹೇಳಿ. ನಾಮಕರಣಕ್ಕೆ ಬರುವ ಬಟ್ಟೆ ಎಲ್ಲವೂ ಒಂದೇ ಅಳತೆಯದ್ದಾದರೆ ಕಷ್ಟ. ಆರರಿಂದ ಹನ್ನೆರಡು ತಿಂಗಳಿನದ್ದು ತನ್ನಿ ಅನ್ನಿ. ಆಟದ ಸಾಮಾನು ತರುತ್ತೇವೆ ಅನ್ನುವವರಿಗೆ ಒಂದು ಚನ್ನಪಟ್ಟಣದ ಗಿಲಕಿ ಸಾಕು ಅಂತ ತಿಳಿಸಿ. ಅಕ್ಕನ ಮನೆಯಲ್ಲಿ ಅಟ್ಟದ ಮೇಲಿರುವ ತೊಟ್ಟಿಲು ಕೇಳಿ ತನ್ನಿ. ಬಣ್ಣ ಉದುರುತ್ತಿದೆಯಾ, ಪಟ್ಟಿಗಳ ನಡುವೆ ಮಗುವಿನ ತಲೆ ಸಿಕ್ಕಿಕೊಳ್ಳುವಷ್ಟು ಸಂದಿ ಇದೆಯಾ, ಸರಪಳಿ ಕೊಂಡಿ ಗಟ್ಟಿಯಿದೆಯಾ ನೋಡಿಕೊಳ್ಳಿ. ಡಬ್ಬ ಒಡೆಯದ ಉಡುಗೊರೆಗಳ ಬಿಲ್ಲನ್ನು ಡಬ್ಬದೊಳಗೇ ಇಟ್ಟರೆ ಬೇಕಾದ ಅಳತೆಗೆ ಬದಲಾಯಿಸಿಕೊಳ್ಳಬಹುದು.