ಪದವಿಯ ಜೊತೆಗೇ ಉದ್ಯಮಶೀಲತೆಯ ಸರ್ಟಿಫಿಕೇಟ್: ಪಡೆಯುವುದು ಹೇಗೆ?

ಉದ್ಯಮಶೀಲತೆ, ನಾವೀನ್ಯ ಎಂಬ ಹೆಸರು ಹೊತ್ತ ಸರ್ಟಿಫಿಕೇಟ್‌ಗಳಿಗೆ ಈಗ ಬರಗಾಲವಿಲ್ಲ. ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ದಿನಕ್ಕೊಂದು ಲಿಂಕ್ ಬಂದು ಬೀಳುತ್ತದೆ. ಒಂದೆರಡು ಗಂಟೆ ವೆಬಿನಾರ್‌ಗೆ ಕಿವಿಗೊಟ್ಟು ಹೆಸರು ತುಂಬಿದರೆ ಸಂಜೆಯೊಳಗೆ ಚಿನ್ನದಂಚಿನ ಪ್ರಮಾಣಪತ್ರ ಮೊಬೈಲಿಗೇ ತಲಪುತ್ತದೆ. ಅಂಥವುಗಳ ಮಾತು ಇಲ್ಲಿಲ್ಲ. ಅಂಕಪಟ್ಟಿಯಲ್ಲಿ ಕ್ರೆಡಿಟ್ (ಕಲಿಕೆಯ ಪ್ರಮಾಣವನ್ನು ಅಳೆಯುವ ಲೆಕ್ಕ) ಆಗಿ ಸೇರಬಲ್ಲ, ಸಂದರ್ಶನದಲ್ಲಿ ಯಾರಾದರೂ ಎರಡು ಪ್ರಶ್ನೆ ಎಸೆದರೆ ತಡವರಿಸದೆ ಉತ್ತರಿಸಲು ಅನುವಾಗುವ ಸರ್ಟಿಫಿಕೇಟ್ ಪಡೆಯುವ ಬಗೆ ಹೇಗೆ ಎಂದು ಕಾಸರಗೋಡಿನ ಕಾಲೇಜು ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡೋಣ.

ಮೊದಲು ಕಚೇರಿ, ಆಮೇಲೆ ಶುಲ್ಕ

ಕೇರಳದಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷಗಳ ಪದವಿ ಕ್ರಮ ಆರಂಭವಾಯಿತು. ಕಣ್ಣೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಕಾಸರಗೋಡು ಸರಕಾರಿ ಕಾಲೇಜು, ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜುಗಳಿಗೂ ಇದೇ ಕ್ರಮ. ಮೂರು ವರ್ಷಕ್ಕೆ ಮುಗಿಸಿ ಹೊರಡುವವರಿಗೆ 133 ಕ್ರೆಡಿಟ್ ಬೇಕು, ನಾಲ್ಕನೆಯ ವರ್ಷವನ್ನೂ ಓದಿ ಆನರ್ಸ್ ಪಡೆಯುವವರಿಗೆ 177. ಮೇಜರ್, ಮೈನರ್‌ಗಳಲ್ಲದೆ ಕೌಶಲದ ಕೋರ್ಸ್‌ಗಳೂ ಮೌಲ್ಯವರ್ಧಿತ ಕೋರ್ಸ್‌ಗಳೂ ಈ ಲೆಕ್ಕದೊಳಗಿವೆ. ಹಾಗಾಗಿ ಉದ್ಯಮಶೀಲತೆ ಕಲಿಯಲು ಮೂರು ದಾರಿಗಳುಂಟು: ಕಾಲೇಜೇ ಕಲಿಸುವ ಕೋರ್ಸ್, ಕೇಂದ್ರ ಸರಕಾರದ ‘ಸ್ವಯಂ’ ಜಾಲತಾಣದ ಕೋರ್ಸ್, ಮತ್ತು ಕಾಲೇಜಿನ ಐಇಡಿಸಿ ಎಂಬ ಉದ್ಯಮಶೀಲತಾ ಘಟಕದ ಮೂಲಕ ಮಾಡುವ ಕೆಲಸ. ಎರಡನೆಯದನ್ನೂ ಮೂರನೆಯದನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ.

ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಮಾಡಲು ವಿಶ್ವವಿದ್ಯಾನಿಲಯಗಳು ಅವಕಾಶ ಕೊಡಬಹುದು ಎನ್ನುತ್ತದೆ ಯುಜಿಸಿಯ 2021ರ ನಿಯಮ. ಆದರೆ ಯಾವ ಕೋರ್ಸನ್ನು ಒಪ್ಪಬೇಕು, ಯಾವುದರ ಬದಲಿಗೆ ಒಪ್ಪಬೇಕು ಎಂಬುದು ವಿಶ್ವವಿದ್ಯಾನಿಲಯದ ತೀರ್ಮಾನ. ಎಡವುವವರು ಹೆಚ್ಚಾಗಿ ಎಡವುವುದು ಇಲ್ಲೇ. ಕೋರ್ಸ್ ಮುಗಿಸಿ, ಪರೀಕ್ಷೆ ಪಾಸಾಗಿ, ಸರ್ಟಿಫಿಕೇಟ್ ಹಿಡಿದುಕೊಂಡು ಕಚೇರಿಗೆ ಹೋದಾಗ ‘ಇದು ನಮ್ಮ ಪಟ್ಟಿಯಲ್ಲಿಲ್ಲವಲ್ಲ’ ಎಂಬ ಉತ್ತರ ಬರುತ್ತದೆ. ಆದ್ದರಿಂದ ಕೋರ್ಸಿನ ಹೆಸರು, ಅದನ್ನು ನಡೆಸುವ ಸಂಸ್ಥೆ, ಎಷ್ಟು ವಾರ, ಎಷ್ಟು ಕ್ರೆಡಿಟ್ ಇಷ್ಟನ್ನೂ ಒಂದು ಕಾಗದದಲ್ಲಿ ಬರೆದು, ನಾಲ್ಕು ವರ್ಷದ ಪದವಿಯ ಹೊಣೆ ಹೊತ್ತಿರುವ ಅಧ್ಯಾಪಕರಿಗೆ ಕೊಟ್ಟು ಮೊದಲೇ ಒಪ್ಪಿಗೆ ಕೇಳಿ. ಬಾಯಿಮಾತಿನ ‘ಆಯಿತು, ನೋಡುವ’ ಲೆಕ್ಕಕ್ಕಿಲ್ಲ. ಒಪ್ಪಿಗೆ ಸಿಗದಿದ್ದರೂ ಕೋರ್ಸ್ ಮಾಡಲು ಅಡ್ಡಿಯೇನಿಲ್ಲ, ಅದು ಪದವಿಯ ಹೊರಗಿನ ಹೆಚ್ಚುವರಿ ಸರ್ಟಿಫಿಕೇಟ್ ಆಗುತ್ತದೆ ಅಷ್ಟೆ.

ಹೆಸರು ಒಂದೇ ಇರಲಿ

ಗಳಿಸಿದ ಕ್ರೆಡಿಟ್ ಜಮೆಯಾಗುವುದು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ. 2021ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಡಿಜಿಲಾಕರ್ ಮೂಲಕ ಖಾತೆ ತೆರೆದರೆ 12 ಅಂಕಿಯ ಸಂಖ್ಯೆ ಸಿಗುತ್ತದೆ. ತೆರೆಯುವುದು ಸುಲಭ, ಹೆಸರು ಹೊಂದಿಸುವುದು ಕಷ್ಟ. ಗಡಿನಾಡಿನಲ್ಲಿ ಒಬ್ಬರಿಗೇ ಮೂರು ಹೆಸರಿರುವುದು ಹೊಸತಲ್ಲ: ಎಸ್ಸೆಸ್ಸೆಲ್ಸಿ ಪುಸ್ತಕದಲ್ಲಿ ಹೆಸರಿನ ಹಿಂದೆ ಇನಿಶಿಯಲ್, ಆಧಾರ್‌ನಲ್ಲಿ ತಂದೆಯ ಪೂರ್ತಿ ಹೆಸರು, ಕಾಲೇಜಿನ ದಾಖಲೆಯಲ್ಲಿ ಮಲಯಾಳದ ಉಚ್ಚಾರಕ್ಕೆ ತಕ್ಕ ಇಂಗ್ಲಿಷ್ ಸ್ಪೆಲ್ಲಿಂಗ್. ಸ್ವಯಂನಲ್ಲಿ ಹೆಸರು ನೋಂದಾಯಿಸುವ ಮೊದಲೇ ಇವನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿ, ತಿದ್ದುಪಡಿ ಬೇಕಾದಲ್ಲಿ ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಹೋಗಿ ಬನ್ನಿ.

ಕೋರ್ಸ್ ಆರಿಸುವುದು

ಐಐಟಿಗಳು ನಡೆಸುವ ಎನ್‌ಪಿಟಿಇಎಲ್ ಕೋರ್ಸ್‌ಗಳು ಸ್ವಯಂನಲ್ಲೇ ಸಿಗುತ್ತವೆ. ಖರಗಪುರದ ಐಐಟಿಯ ‘ಎಂಟರ್‌ಪ್ರೆನ್ಯೂರ್‌ಶಿಪ್ ಎಸೆನ್ಷಿಯಲ್ಸ್’ ಈ ಬಗೆಯದು. ಜನವರಿಗೊಮ್ಮೆ, ಜುಲೈಗೊಮ್ಮೆ ಹೊಸ ಸರದಿ. ಪಾಠ ಕೇಳಲು ಕಾಸು ಬೇಡ. ಸರ್ಟಿಫಿಕೇಟ್ ಬೇಕಿದ್ದರೆ ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು, ಅದಕ್ಕೆ ಇತ್ತೀಚಿನ ವರ್ಷಗಳಲ್ಲಿ 1,000 ರೂಪಾಯಿ ಶುಲ್ಕವಿದೆ. 12 ವಾರದ ಕೋರ್ಸಿನಲ್ಲಿ ವಾರದ ಅಭ್ಯಾಸಗಳ ಪೈಕಿ ಅತ್ಯುತ್ತಮ 8ರ ಸರಾಸರಿಗೆ 25 ಅಂಕ, ಪರೀಕ್ಷೆಗೆ 75. ಪಾಸಾಗಲು ಮೊದಲನೆಯದರಲ್ಲಿ ಕನಿಷ್ಠ 10, ಎರಡನೆಯದರಲ್ಲಿ ಕನಿಷ್ಠ 30 ಬೇಕು. ಎರಡೂ ಪ್ರತ್ಯೇಕವಾಗಿ ಬೇಕು, ಒಂದರ ಹೆಚ್ಚಳ ಇನ್ನೊಂದರ ಕೊರತೆಯನ್ನು ತುಂಬುವುದಿಲ್ಲ. ವಾರದ ಗಡುವು ದಾಟಿದರೆ ಆ ವಾರದ ಅಂಕ ಹೋದಂತೆಯೇ.

ಪರೀಕ್ಷಾ ಕೇಂದ್ರ ಆರಿಸುವಾಗ ಮಂಜೇಶ್ವರ, ಉಪ್ಪಳದ ಕಡೆಯವರು ಮಂಗಳೂರನ್ನೂ, ಕಾಞಂಗಾಡಿನವರು ಕಣ್ಣೂರನ್ನೂ ಪಟ್ಟಿಯಲ್ಲಿ ಹುಡುಕಿ. ರಾಜ್ಯದ ಗಡಿ ಇಲ್ಲಿ ಅಡ್ಡ ಬರುವುದಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಮೊದಲೆರಡು ವಾರ ಇಂಗ್ಲಿಷ್ ಉಪನ್ಯಾಸ ತುಸು ಬಿರುಸೆನಿಸಬಹುದು. ಹಲವು ಎನ್‌ಪಿಟಿಇಎಲ್ ಕೋರ್ಸ್‌ಗಳ ಪಾಠಗಳು ಕನ್ನಡಕ್ಕೂ ಅನುವಾದವಾಗಿವೆ. ನೀವು ಆರಿಸಿದ್ದು ಅವುಗಳಲ್ಲಿದೆಯೇ ನೋಡಿ, ಇಲ್ಲದಿದ್ದರೆ ವೀಡಿಯೊದ ವೇಗ ತಗ್ಗಿಸಿ ಕೇಳಿ.

ಸಮಸ್ಯೆ ಹಿತ್ತಿಲಲ್ಲೇ ಇದೆ

ಐಇಡಿಸಿ ಎಂದರೆ ಕೇರಳ ಸ್ಟಾರ್ಟ್‌ಅಪ್ ಮಿಷನ್ ಕಾಲೇಜುಗಳಲ್ಲಿ ನಡೆಸುವ ನಾವೀನ್ಯ ಮತ್ತು ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ. ಪ್ರತಿ ಘಟಕಕ್ಕೂ ಒಬ್ಬ ಅಧ್ಯಾಪಕರು ನೋಡಲ್ ಅಧಿಕಾರಿ. ಕೇರಳ ಸರಕಾರದ ನಾವೀನ್ಯ ಮಂಡಳಿಯಾದ ಕೆ-ಡಿಸ್ಕ್‌ನ ಯಂಗ್ ಇನ್ನೋವೇಟರ್ಸ್ ಪ್ರೋಗ್ರಾಂಗೂ ವಿದ್ಯಾರ್ಥಿ ತಂಡಗಳು ತಮ್ಮ ಆಲೋಚನೆಗಳನ್ನು ಕಳುಹಿಸಬಹುದು. ಎರಡು ಕಡೆಯೂ ಮೊದಲು ಕೇಳುವುದು ಒಂದೇ: ನೀವು ಬಿಡಿಸಹೊರಟ ಸಮಸ್ಯೆ ಯಾವುದು?

ಇಲ್ಲಿ ಹೆಚ್ಚಿನವರು ಆ್ಯಪ್ ಒಂದರ ಹೆಸರು ಹೇಳುತ್ತಾರೆ. ಬೆಂಗಳೂರಿನಲ್ಲಿ ಸಾವಿರ ಜನ ಆಗಲೇ ಮಾಡಿ ಕೈಬಿಟ್ಟ ಆ್ಯಪ್ ಬದಿಯಡ್ಕದಲ್ಲಿ ಕುಳಿತು ಮತ್ತೆ ಮಾಡುವುದೇಕೆ? ಅಡಕೆ ತೋಟದ ಹಾಳೆಯನ್ನೇ ತೆಗೆದುಕೊಳ್ಳಿ. ಬಿದ್ದ ಹಾಳೆಯನ್ನು ಹೆಕ್ಕಿ, ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ. ಕೆಲಸ ಸರಳವೆಂದು ಕಾಣುತ್ತದೆ. ಮಳೆಗಾಲ ಬಂದಾಗ ನಿಜ ತಿಳಿಯುತ್ತದೆ. ಒದ್ದೆ ನೆಲದಲ್ಲಿ ಬಿದ್ದ ಹಾಳೆಯನ್ನು ಬೇಗ ಒಣಗಿಸದಿದ್ದರೆ ಬೂಸಲು ಹಿಡಿದು ಕಪ್ಪು ಚುಕ್ಕೆ ಏಳುತ್ತದೆ, ಅದು ಎಷ್ಟು ತೊಳೆದರೂ ಹೋಗುವುದಿಲ್ಲ. ಹೆಕ್ಕಲು ಆಳು ಸಿಗುವುದಿಲ್ಲ. ಬೇಸಿಗೆಯಲ್ಲಿ ಕೂಡಿಡೋಣವೆಂದರೆ ಅಡಕೆಗೇ ಸಾಲದ ಅಟ್ಟದಲ್ಲಿ ಹಾಳೆಗೆ ಜಾಗವೆಲ್ಲಿ? ಇಷ್ಟರಲ್ಲೇ ಮೂರು ಸಮಸ್ಯೆಗಳಾದವು. ಒಂದನ್ನು ಹಿಡಿದರೆ ಸಾಕು.

ಆಮೇಲೆ ಕೇಳಲು ಹೊರಡಿ. ಅಡುಗೆಯವರ ಬಳಿ ‘ನಾವು ಒಳ್ಳೆಯ ಹಾಳೆ ತಟ್ಟೆ ಮಾಡಿದರೆ ಕೊಳ್ಳುತ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುವವರು ಯಾರೂ ಇಲ್ಲ. ನಮ್ಮ ಕಡೆಯವರ ದಾಕ್ಷಿಣ್ಯ ಅಂಥದ್ದು. ಆ ‘ಹೌದು’ಗಳನ್ನು ಎಣಿಸಿ ವರದಿ ಬರೆದರೆ ಅದು ಸುಳ್ಳಿನ ಲೆಕ್ಕ. ನಡೆದದ್ದನ್ನು ಕೇಳಿ: ‘ಅಣ್ಣಾ, ಕಳೆದ ಮದುವೆಗೆ ತಟ್ಟೆ ಎಲ್ಲಿಂದ ತಂದಿರಿ? ಒಂದಕ್ಕೆ ಎಷ್ಟು ಬಿತ್ತು? ಸಾರು ಬಡಿಸಿದಾಗ ಸೋರಿದ್ದುಂಟಾ? ಎಷ್ಟು ಎಸೆಯಬೇಕಾಯಿತು?’ ಉತ್ತರಗಳನ್ನು ಅವರ ಮಾತಿನಲ್ಲೇ, ತಾರೀಕು ಹಾಕಿ ಪುಸ್ತಕದಲ್ಲಿ ಬರೆದಿಡಿ. ಐಇಡಿಸಿಯಲ್ಲಾಗಲಿ ಮುಂದೆ ಕೆಲಸದ ಸಂದರ್ಶನದಲ್ಲಾಗಲಿ ಸರ್ಟಿಫಿಕೇಟಿಗಿಂತ ಹೆಚ್ಚು ಮಾತನಾಡುವುದು ಈ ಪುಸ್ತಕ.

ತಟ್ಟೆಯನ್ನು ವಿದೇಶಕ್ಕೆ ಕಳುಹಿಸುವ ಕನಸಿದ್ದರೆ ಇನ್ನೊಂದು ವಿಷಯ ತಿಳಿದಿರಬೇಕು. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಅಡಕೆ ಹಾಳೆಯ ತಟ್ಟೆ, ಬಟ್ಟಲುಗಳಿಂದ ಸಸ್ಯಗಳಲ್ಲಿರುವ ಹಾನಿಕರ ರಾಸಾಯನಿಕಗಳಾದ ಆಲ್ಕಲಾಯ್ಡ್‌ಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣ ಕೊಟ್ಟು ಅವುಗಳನ್ನು ಮಾರಬಾರದೆಂದು ಸೂಚಿಸಿತು. ಇದನ್ನು ಅರಿಯದೆ ‘ರಫ್ತಿಗೆ ವಿಪುಲ ಅವಕಾಶ’ ಎಂದು ಬರೆದ ಯೋಜನಾ ವರದಿ ಮೊದಲ ಪ್ರಶ್ನೆಗೇ ಬಿದ್ದುಹೋಗುತ್ತದೆ. ಅರಿತು ಬರೆದರೆ, ಪರೀಕ್ಷೆಗೆ ಒಡ್ಡಬೇಕಾದ ಗಂಭೀರ ಪ್ರಶ್ನೆಯೇ ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಸಿಕ್ಕಂತಾಯಿತು.

ಹಾಳೆ ಬೇಡವೆಂದರೆ ತೆಂಗು ಇದೆ. ಕಾಸರಗೋಡಿನಲ್ಲಿ 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿದ ಇಂದಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ತೆಂಗಿನಕಾಯಿ ಚಿಪ್ಸ್, ತೆಂಗಿನ ಹೊಂಬಾಳೆಯಿಂದ ಇಳಿಸುವ ಕಲ್ಪರಸದಂಥ ತಂತ್ರಜ್ಞಾನಗಳನ್ನು ಉದ್ಯಮಿಗಳಿಗೆ ಕೊಡುತ್ತದೆ. ಹೊಸಬರ ನೆರವಿಗೆ ಅಲ್ಲಿ ಕೃಷಿ ಉದ್ಯಮ ಪೋಷಣಾ ಕೇಂದ್ರವೂ ಇದೆ. ಕಾಲೇಜಿನ ಪತ್ರ ಹಿಡಿದು, ಮೊದಲೇ ಸಮಯ ಕೇಳಿಕೊಂಡು ಹೋಗಿ. ಕೈಮಗ್ಗದಲ್ಲಿ ಆಸಕ್ತಿಯಿರುವವರಿಗೆ ಭೌಗೋಳಿಕ ಗುರುತು ಪಡೆದ ಕಾಸರಗೋಡು ಸೀರೆಯಿದೆ.

ಕೊನೆಯ ಕಾಗದಪತ್ರ

ಸ್ವಯಂ ಪರೀಕ್ಷೆ ಮತ್ತು ವಿಶ್ವವಿದ್ಯಾನಿಲಯದ ಸೆಮಿಸ್ಟರ್ ಪರೀಕ್ಷೆ ಒಂದರ ಮೇಲೊಂದು ಬೀಳುವುದುಂಟು, ಶುಲ್ಕ ಕಟ್ಟುವ ಮೊದಲು ಎರಡೂ ವೇಳಾಪಟ್ಟಿಗಳನ್ನು ಹೋಲಿಸಿ. ಫಲಿತಾಂಶ ಬಂದ ಮೇಲೆ ಸರ್ಟಿಫಿಕೇಟಿನ ಪ್ರತಿ, ಮೊದಲು ಪಡೆದ ಒಪ್ಪಿಗೆಯ ಪ್ರತಿ, ಕ್ರೆಡಿಟ್ ಖಾತೆಯ ಸಂಖ್ಯೆ ಮೂರನ್ನೂ ಅರ್ಜಿಯೊಂದಿಗೆ ಕಚೇರಿಗೆ ಕೊಟ್ಟು, ಮೊಹರು ಒತ್ತಿದ ಸ್ವೀಕೃತಿ ಪಡೆಯಿರಿ. ಮುಂದಿನ ಅಂಕಪಟ್ಟಿಯಲ್ಲಿ ಕ್ರೆಡಿಟ್ ಕಾಣದಿದ್ದರೆ ವಿಶ್ವವಿದ್ಯಾನಿಲಯದ ಪರೀಕ್ಷಾ ವಿಭಾಗಕ್ಕೆ ಬರೆಯುವಾಗ ಲಗತ್ತಿಸಬೇಕಾದದ್ದು ಆ ಸ್ವೀಕೃತಿಯನ್ನೇ.