ಹಳೇ ಮಿಯಾಟಾ, ಹೊಸ ಲೆಕ್ಕದ ಪುಸ್ತಕ

"ಟೈಮಿಂಗ್ ಬೆಲ್ಟ್ ಹೊಸದು, ಇನ್ನು ಎಣ್ಣೆ ಬದಲಾಯಿಸ್ಕೊಂಡು ಓಡಿಸ್ತಾ ಇರು, ಅಷ್ಟೇ" ಅಂತ ಹೇಳಿ ಮಾರಿದವನು ಕೀ ಕೈಗಿಟ್ಟ. ಎಂಜಿನ್ನಿನ ಭಾಗಗಳು ತಾಳ ತಪ್ಪದೆ ತಿರುಗುವಂತೆ ಮಾಡುವ ಹಲ್ಲಿನ ಪಟ್ಟಿ ಅದು. ಬಿಲ್ ಕೇಳಿದೆ. ಎಲ್ಲೋ ಇದೆ, ಹುಡುಕಿ ಕಳಿಸ್ತೀನಿ ಅಂದ. ಆ ಬಿಲ್ ಇವತ್ತಿಗೂ ಬಂದಿಲ್ಲ.

ಕಾರು 1999ರ ಮಾಜ್ದಾ ಎಂಎಕ್ಸ್-5. ಅಮೆರಿಕದಲ್ಲಿ ಎಲ್ಲರ ಬಾಯಲ್ಲೂ ಮಿಯಾಟಾ. ಎರಡೇ ಸೀಟು, ಮಡಚಿಡುವ ಬಟ್ಟೆಯ ಟಾಪು, 1.8 ಲೀಟರ್ ಎಂಜಿನ್, 140 ಅಶ್ವಶಕ್ತಿ, ಐದು ಗೇರು. ತೂಕ ಒಂದು ಟನ್ನಿಗೆ ಸ್ವಲ್ಪ ಮೇಲೆ, ಹಾಗಾಗಿ ಆ 140 ಸಾಕೋ ಸಾಕು. ಮೀಟರ್‌ನಲ್ಲಿ 92,000 ಮೈಲು. ನ್ಯೂಜೆರ್ಸಿಯ ನಮ್ಮ ಗ್ಯಾರೇಜಿಗೆ ಅದನ್ನು ತಂದು ನಿಲ್ಲಿಸಿ ಮೈಸೂರಿಗೆ ವಿಡಿಯೊ ಕರೆ ಮಾಡಿದೆ. ಅಪ್ಪ ಮೂವತ್ತು ವರ್ಷ ಒಂದೇ ಯೆಜ್ಡಿ ಸಾಕಿದವರು. ಕಾರಿನ ಬಣ್ಣ ನೋಡಲಿಲ್ಲ, ಸೀಟು ನೋಡಲಿಲ್ಲ. "ಕೆಳಗೆ ಏನು ತೊಟ್ಟಿಕ್ತಾ ಇದೆ ನೋಡಿದೆಯೇನೋ?" ಅಂದರು.

ಅಲ್ಲಿಂದಲೇ ಶುರು. ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಬಿಡಿಸಿ ಕಾರಿನ ಅಡಿಗೆ ಹಾಸಿದೆ, ನಾಲ್ಕು ಚಕ್ರದ ಜಾಗ ಪೆನ್ನಿನಲ್ಲಿ ಗುರುತು ಮಾಡಿದೆ. ಬೆಳಗ್ಗೆ ನೋಡಿದರೆ ಮೂರು ಕಲೆ. ಎಂಜಿನ್ ಮುಂದೆ ಹಸಿರು, ಅದು ಎಂಜಿನ್ ತಂಪಾಗಿಡುವ ಕೂಲೆಂಟ್. ಗೇರ್‌ಬಾಕ್ಸಿನ ಬಲಕ್ಕೆ ಕಪ್ಪಗಿನ ತೆಳು ದ್ರವ. ಹಿಂದೆ ಡಿಫರೆನ್ಷಿಯಲ್ (ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಗಳ ಡಬ್ಬಿ) ಕೆಳಗೆ ಒಂದೇ ಒಂದು ಹನಿ ದಪ್ಪ ಎಣ್ಣೆ. ಕಪ್ಪಗಿನದ್ದು ಸ್ಲೇವ್ ಸಿಲಿಂಡರ್‌ನದು, ಅಂದರೆ ಪೆಡಲ್ ಒತ್ತಿದಾಗ ದ್ರವದ ಒತ್ತಡದಿಂದ ಕ್ಲಚ್ ಬಿಡಿಸುವ ಭಾಗದ್ದು. ಅದರ ರಬ್ಬರ್ ಟೊಪ್ಪಿಗೆ ಸರಿಸಿದರೆ ಒಳಗೆಲ್ಲ ಒದ್ದೆ. ಮಿಯಾಟಾಗಳಿಗೆ ಇದು ಮನೆತನದ ಕಾಯಿಲೆ. ಎರಡು ಬೋಲ್ಟು, ಒಂದು ಪೈಪು, ಅರ್ಧ ದಿನದ ಕೆಲಸ. ಆ ಒತ್ತಡ ಕೊಡುವ, ಮೇಲೆ ಪೆಡಲ್ ಬಳಿಯ ಮಾಸ್ಟರ್ ಸಿಲಿಂಡರನ್ನೂ ಜೊತೆಗೇ ಬದಲಾಯಿಸಿದೆ. ಕೆಳಗಿನದು ಹೊಸದಾದರೆ ಮೇಲಿನದು ಹೆಚ್ಚು ದಿನ ತಡೆಯುವುದಿಲ್ಲ.

ಒಂದು ನೋಟ್‌ಬುಕ್ ಇಟ್ಟೆ. ನಿಯಮ ಒಂದೇ: ಕಾಗದ ಇಲ್ಲದ ಕೆಲಸ ಆಗಿಯೇ ಇಲ್ಲ. ಯಾವ ಎಣ್ಣೆ ಯಾವಾಗ ಹಾಕಿದ್ದೋ ಗೊತ್ತಿಲ್ಲದಿದ್ದರೆ ಅದನ್ನು ಇವತ್ತೇ ತೆಗೆದು ಹೊಸದು ಹಾಕುವುದು. ಆ ಪುಟಗಳು ತುಂಬುವವರೆಗೆ ಹೊಸ ಸೈಲೆನ್ಸರ್, ತಗ್ಗಿಸುವ ಸ್ಪ್ರಿಂಗು, ಅದೂ ಇದೂ ಯಾವುದಕ್ಕೂ ದುಡ್ಡಿಲ್ಲ.

ಗೇರ್‌ಬಾಕ್ಸ್ ಎಣ್ಣೆಗೆ ಕೈಹಾಕುವಾಗ ಒಂದು ಮಾತು ನೆನಪಿರಲಿ. ಮೊದಲು ಎಣ್ಣೆ ತುಂಬುವ ಪ್ಲಗ್ ಸಡಿಲ ಮಾಡಿ, ಆಮೇಲೆ ಕೆಳಗಿನದು. ಕೆಳಗಿನದ್ದು ಬಿಚ್ಚಿ ಎಣ್ಣೆ ಎಲ್ಲ ಸುರಿದ ಮೇಲೆ ಮೇಲಿನದ್ದು ತುಕ್ಕು ಹಿಡಿದು ಕೂತಿದೆ ಅಂತ ಗೊತ್ತಾದರೆ ಕಾರು ಅಲ್ಲೇ ಮಲಗುತ್ತದೆ. ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ, 75ಡಬ್ಲ್ಯೂ-90 ಮಂದತೆಯ ಗೇರ್ ಎಣ್ಣೆ, ಸುಮಾರು ಎರಡು ಲೀಟರ್. ಡಿಫರೆನ್ಷಿಯಲ್ಲಿಗೆ ಜಿಎಲ್-5, ಸುಮಾರು ಒಂದು ಲೀಟರ್. ಎರಡಕ್ಕೂ ಒಂದೇ ಡಬ್ಬ ಸಾಕು ಅನ್ನುವವರಿದ್ದಾರೆ. ಜಿಎಲ್-5ರಲ್ಲಿರುವ ಗಂಧಕದ ಅಂಶ ಗೇರ್‌ಬಾಕ್ಸಿನ ಹಿತ್ತಾಳೆ ಸಿಂಕ್ರೊಗಳಿಗೆ (ಗೇರ್ ಸದ್ದಿಲ್ಲದೆ ಬೀಳಿಸುವ ಉಂಗುರಗಳಿಗೆ) ಒಳ್ಳೆಯದಲ್ಲ ಅಂತ ನಾನು ಬೇರೆ ಬೇರೆಯೇ ತಂದೆ. ಬೆಳಗಿನ ಚಳಿಯಲ್ಲಿ ಎರಡನೇ ಗೇರ್ ಬೀಳುವಾಗ ಕರಕರ ಅನ್ನುತ್ತಿದ್ದದ್ದು ಮುಕ್ಕಾಲು ಪಾಲು ಹೋಯಿತು. ಉಳಿದ ಕಾಲು ಪಾಲು ಆ ಗೇರ್‌ಬಾಕ್ಸಿನ ಸ್ವಭಾವ, ಬಿಸಿಯಾಗುವವರೆಗೆ ಕಾಯಬೇಕು.

ಆಮೇಲೆ ನೀರಿನ ಕಥೆ. ಸೀಟಿನ ಹಿಂದಿನ ಕಾರ್ಪೆಟ್ ಯಾವಾಗ ಮುಟ್ಟಿದರೂ ತಣ್ಣಗೆ. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟ್ ಬೆಲ್ಟ್ ಗೋಪುರದ ಹಿಂದಿನ ಎರಡು ತೂತುಗಳಿಂದ ಇಳಿದು ಹಿಂದಿನ ಚಕ್ರದ ಮುಂದೆ ನೆಲಕ್ಕೆ ಹೋಗಬೇಕು. ಒಂದು ಲೋಟ ನೀರು ಸುರಿದೆ. ನೀರು ಕದಲಲಿಲ್ಲ, ಕೊಳದ ಹಾಗೆ ನಿಂತಿತು. ಹುಲ್ಲು ಕತ್ತರಿಸುವ ಯಂತ್ರದ ನೈಲಾನ್ ದಾರವನ್ನು ಮೆಲ್ಲಗೆ ಬಿಟ್ಟು ತಿರುಗಿಸಿದೆ. ಜೋರಾಗಿ ಚುಚ್ಚಿದರೆ ಒಳಗಿನ ಕೊಳವೆ ಹರಿಯುತ್ತದೆ, ಅವಸರ ಬೇಡ. ಐದು ನಿಮಿಷಕ್ಕೆ ಗುಳುಕ್ ಅಂತ ಒಂದು ಸದ್ದು, ಚಕ್ರದ ಬಳಿ ಪೈನ್ ಎಲೆಯ ಕಪ್ಪು ರಾಡಿ ದಬದಬನೆ ಬಿತ್ತು. ಎಷ್ಟು ವರ್ಷದ್ದೋ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಒಳಗೆ ನಿಂತ ನೀರು, ಹೊರಗಿನ ಉಪ್ಪು ಎರಡೂ ಸೇರಿ ಬಾಗಿಲ ಕೆಳಗಿನ ತಗಡನ್ನು ತಿಂದುಹಾಕುತ್ತವೆ. ನನ್ನದರಲ್ಲಿ ಬಲಗಡೆ ಹಿಂಬದಿಯಲ್ಲಿ ಬಣ್ಣ ಗುಳ್ಳೆ ಎದ್ದಿತ್ತು, ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕೆ ಹೋಗಲಿಲ್ಲ. ಬದುಕಿದೆ ಅಂದುಕೊಂಡೆ.

ಎಂಜಿನ್ನಿನ ಒಂದು ಕಿರಿಕಿರಿ ಮಾತ್ರ ಹೋಗಲಿಲ್ಲ. ನಿಂತಲ್ಲಿ ಉಸಿರು ಕಟ್ಟಿದ ಹಾಗೆ ಅಲುಗಾಟ, ಕಡಿಮೆ ವೇಗದಲ್ಲಿ ಎಳೆತ ಸೊರಗು. ಸ್ಪಾರ್ಕ್ ಪ್ಲಗ್ ಬಿಚ್ಚಿ ಅಪ್ಪನಿಗೆ ಕ್ಯಾಮೆರಾದಲ್ಲಿ ತೋರಿಸಿದೆ. ಯೆಜ್ಡಿಯ ಮಸಿ ಹಿಡಿದ ಪ್ಲಗ್ ನೋಡಿ ನೋಡಿ ಪಳಗಿದ ಕಣ್ಣು. "ಬಣ್ಣ ಚೆನ್ನಾಗಿದೆ ಕಣೋ, ಇದರದ್ದಲ್ಲ ತಪ್ಪು" ಅಂದರು. ನಾನು ಕೇಳದೆ ನಾಲ್ಕು ಪ್ಲಗ್, ನಾಲ್ಕು ವೈರ್ ಹೊಸದು ಹಾಕಿದೆ. ಅಲುಗಾಟ ಹಾಗೇ ಇತ್ತು.

ಕೊನೆಗೆ ಟೈಮಿಂಗ್ ಕವರ್ ತೆಗೆದೆ. ಈ ಬೆಲ್ಟ್ 60,000 ಮೈಲಿಗೊಮ್ಮೆ ಬದಲಾಗಬೇಕು. ಈ ಎಂಜಿನ್ನಿನಲ್ಲಿ ಬೆಲ್ಟ್ ತುಂಡಾದರೂ ವಾಲ್ವು ಪಿಸ್ಟನ್ನಿಗೆ ಬಡಿಯುವುದಿಲ್ಲ, ಹಾಗಾಗಿ ಎಂಜಿನ್ನಿಗೆ ಜೀವಭಯ ಇಲ್ಲ. ಆದರೆ ಹೆದ್ದಾರಿಯಲ್ಲಿ ನಿಂತುಹೋಗುವುದು ತಪ್ಪುವುದಿಲ್ಲ. ಕವರ್ ತೆಗೆದರೆ ಬೆಲ್ಟ್ ಹೊಸದೇ! ಅಕ್ಷರಗಳು ಕೂಡ ಮಾಸಿಲ್ಲ. ಮಾರಿದವನು ಸುಳ್ಳು ಹೇಳಿರಲಿಲ್ಲ.

ವಾಲ್ವು ತೆರೆಯುವ ದಂಡಗಳ ತುದಿಯ ಎರಡು ಕ್ಯಾಮ್ ಚಕ್ರಗಳ ಮೇಲೆ ಒಂದಕ್ಕೆ ಐ, ಇನ್ನೊಂದಕ್ಕೆ ಇ ಅಂತ ಇಂಗ್ಲಿಷ್ ಅಕ್ಷರದ ಗುರುತಿವೆ. ಎರಡೂ ಮೇಲೆ ಬಂದಾಗ ಅವುಗಳ ನಡುವೆ ಬೆಲ್ಟಿನ ಹಲ್ಲು 19 ಇರಬೇಕು. ಎಣಿಸಿದೆ, ಇಪ್ಪತ್ತು. ತಪ್ಪಾಯಿತೇನೋ ಅಂತ ಪ್ರತಿ ಹಲ್ಲಿಗೂ ಸೀಮೆಸುಣ್ಣದ ಚುಕ್ಕೆ ಇಟ್ಟು ಮತ್ತೆ ಎಣಿಸಿದೆ. ಇಪ್ಪತ್ತೇ. ಯಾರೋ ಬೆಲ್ಟ್ ಹಾಕಿದ್ದರು, ಒಂದು ಹಲ್ಲು ಆಚೆ. ಅದೇ ಕವರಿನ ಹಿಂದೆ ಕೂತ, ಹೊರಗಿನ ಆಲ್ಟರ್ನೇಟರ್ ಬೆಲ್ಟು ತಿರುಗಿಸುವ ವಾಟರ್ ಪಂಪು ಮಾತ್ರ ಹಳೆಯದು, ಅದರ ಸೋರುವ ತೂತಿನ ಸುತ್ತ ಹಸಿರು ಹಕ್ಕಳೆ ಕಟ್ಟಿತ್ತು. ರಟ್ಟಿನ ಮೇಲಿನ ಮೊದಲ ಕಲೆ ಇಲ್ಲಿಯದೇ. ಅಷ್ಟೆಲ್ಲ ಬಿಚ್ಚಿದ ಮೇಲೆ ಪಂಪನ್ನು ಹಾಗೇ ಬಿಡಲು ಅವರಿಗೆ ಮನಸ್ಸಾದರೂ ಹೇಗೆ ಬಂತೋ.

ಪಂಪು, ಬೆಲ್ಟ್ ಬಿಗಿಹಿಡಿಯುವ ಟೆನ್ಷನರ್ ಮತ್ತು ಐಡ್ಲರ್ ಗಾಲಿ, ಎಣ್ಣೆ ತಡೆಯುವ ಕ್ರ್ಯಾಂಕ್ ಮತ್ತು ಕ್ಯಾಮ್ ಸೀಲು, ಎಲ್ಲ ತರಿಸಿದೆ. ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡದ ತುದಿಯ 21 ಎಂಎಂ ಬೋಲ್ಟ್ ಬಿಚ್ಚಲು ಐದನೇ ಗೇರಿಗೆ ಹಾಕಿ, ಹೆಂಡತಿಯನ್ನು ಬ್ರೇಕ್ ಮೇಲೆ ನಿಲ್ಲಿಸಿದೆ. ಆ ಬೋಲ್ಟಿಗೆ ವಾಪಸ್ ಹಾಕುವಾಗ ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಬೇಕೇ ಬೇಕು. 1990-91ರ ಮೊದಲ ಮಿಯಾಟಾಗಳಲ್ಲಿ ಇದೇ ಜಾಗ ಸಡಿಲಾಗಿ ಕ್ರ್ಯಾಂಕೇ ಹಾಳಾದ ಕಥೆ ಈ ಕಾರು ಇಟ್ಟವರಿಗೆಲ್ಲ ಗೊತ್ತು. ಬೆಲ್ಟ್ ಕೂರಿಸಿ, ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಕೈಯಿಂದಲೇ ಕ್ರ್ಯಾಂಕ್ ಎರಡು ಸುತ್ತು ತಿರುಗಿಸಿದೆ. ಗುರುತುಗಳು ಮತ್ತೆ ಅಲ್ಲಿಗೇ ಬಂದವು. ಹತ್ತೊಂಬತ್ತು. ಸ್ಟಾರ್ಟ್ ಮಾಡಿದರೆ ಡ್ಯಾಶ್ ಮೇಲಿಟ್ಟ ಕಾಫಿ ಲೋಟದಲ್ಲಿ ಅಲೆ ಏಳಲಿಲ್ಲ.

ಬ್ರೇಕಿಗೂ ಅವಳೇ ಬೇಕಾಯಿತು. ಬ್ರೇಕ್ ಪ್ಯಾಡ್ ಒತ್ತುವ ಕ್ಯಾಲಿಪರ್‌ನ ಪಿನ್ನುಗಳಲ್ಲಿ ಎರಡು ಕಚ್ಚಿಕೊಂಡಿದ್ದವು, ಉಜ್ಜಿ ಗ್ರೀಸ್ ಹಾಕಿದೆ. ಹಳೇ ಬ್ರೇಕ್ ಆಯಿಲ್ ಕಷಾಯದ ಬಣ್ಣ. ದೂರದ ಚಕ್ರದಿಂದ ಶುರು ಮಾಡಿ ನಾನು ಕೆಳಗೆ ಮಲಗಿ "ಒತ್ತು, ಹಿಡಿದುಕೋ" ಅನ್ನುವುದು, ಅವಳು ಮೇಲಿಂದ "ರೀ, ಬಿಡ್ಲಾ?" ಅನ್ನುವುದು. ಹಳೇ ಆಯಿಲ್ ಹೊರಬಿಡುವ ನಿಪ್ಪಲ್ ನಾನು ಮುಚ್ಚುವ ಮೊದಲೇ ಒಮ್ಮೆ ಬಿಟ್ಟಳು, ಗಾಳಿ ಒಳಗೆ ಹೋಯಿತು, ಆ ಚಕ್ರದ್ದು ಮೊದಲಿಂದ. ಟೈರುಗಳಿಗೆ ಮಾತೇ ಬೇಕಿರಲಿಲ್ಲ: ಪಕ್ಕದಲ್ಲಿ 1412 ಅಂತಿತ್ತು, ಅಂದರೆ 2012ರ ಹದಿನಾಲ್ಕನೇ ವಾರ. ಮೇಲಿನ ಗೀರುಗಳು ಇನ್ನೂ ಆಳವಾಗಿದ್ದರೂ ಪಕ್ಕದ ಗೋಡೆಯೆಲ್ಲ ಬಿರುಕು. ನಾಲ್ಕೂ ಬದಲಾದವು.

ಇನ್ನೊಂದು, ಇದನ್ನು ಮೊದಲೇ ಹೇಳಬೇಕಿತ್ತು: ಬರೀ ಜ್ಯಾಕಿನ ಮೇಲೆ ನಿಂತ ಕಾರಿನ ಅಡಿಗೆ ಒಂದು ಕೈ ಕೂಡ ಹಾಕಬೇಡಿ. ಸ್ಟ್ಯಾಂಡ್ ಕೊಟ್ಟು, ಕಾರನ್ನು ಜೋರಾಗಿ ಅಲ್ಲಾಡಿಸಿ ನೋಡಿ, ಆಮೇಲೆ ಒಳಗೆ ಹೋಗಿ.

ಹೊಸ ರಟ್ಟು ಹಾಸಿದ್ದೇನೆ. ಮುಂದೆ ಒಣಗಿದೆ, ನಡುವೆ ಒಣಗಿದೆ. ಡಿಫರೆನ್ಷಿಯಲ್ ಕೆಳಗಿನ ಒಂದು ಹನಿ ಮಾತ್ರ ದಿನಾ ಅದೇ ಜಾಗದಲ್ಲಿ ಬೀಳುತ್ತಿದೆ. ಪ್ಲಗ್ಗಿನ ವಾಷರ್ ಬದಲಾಯಿಸಿದ್ದಾಯಿತು, ಇನ್ನು ಪಕ್ಕದ ಸೀಲೇ ಇರಬೇಕು. ಶನಿವಾರ ಬಿಚ್ಚುತ್ತೇನೆ.